ದ್ವಾಸಿ ಮಷೀನಿಗೆ ದಿಲ್ಲಿ ಪರವಾನಗಿ

ನಗೂವಂಥಾ ಪ್ರಸಂಗ ಹುಡಕ್ಕೊಂಡು ನಾವು ಎಲ್ಲೂ ಹೋಗಬೇಕಾಗಿಲ್ರಿ, ಅವೇ ಅರ್ಜಿ ಹಿಡಕೊಂಡು ನಮ್ಮ ಕಚೇರಿ ಬಾಗಲಿಗೆ ಬಂದು ನಿಂತಿರತಾವ. ನಾ ಇರೂದು ಪುಣೇದಾಗ, ವಾಣಿಜ್ಯ ಇಲಾಖೆಯ ಒಂದು ಶಾಖೆಯೊಳಗ. ದೇಶದಿಂದ ಹೊರಗ ಏನು ಹೋಗಬಹುದು, ಏನು ಹೋಗಬಾರದು ಅಂತ ನೋಡೂದು ನಮ್ಮ ಕೆಲಸ. ಮೊದಲ ಉಳ್ಳಾಗಡ್ಡಿ, ಸಕ್ಕರಿ, ಅರಿವಿ, ಇಷ್ಟ ಇತ್ತು. ಈಗ ಕಂಪ್ಯೂಟರಿನ ಚಿಪ್ಪು, ಕ್ಯಾಮೆರಾ, ಸಾಫ್ಟ್‌ವೇರು ಎಲ್ಲಾ ನಮ್ಮ ಕೊರಳಿಗೆ ಬಂದಾವ. ಮನಿಯೊಳಗೂ ಉಪಯೋಗ ಆಗೂವಂಥಾ, ಯುದ್ಧದಾಗೂ ಉಪಯೋಗ ಆಗೂವಂಥಾ ಸಾಮಾನು ಇದ್ರ ಅದಕ್ಕ ದಿಲ್ಲಿ ಪರವಾನಗಿ ಬೇಕು. ಕಾಯ್ದೆ ಛಲೋನ ಅದ, ನಾ ಇಲ್ಲಾ ಅನ್ನಂಗಿಲ್ಲ. ಆದ್ರ ಕಾಯ್ದೆ ಮಾಡಿದವರ ಕಣ್ಣ ಮುಂದ ಕ್ಷಿಪಣಿ ಇತ್ತು, ನಮ್ಮ ಮುಂದ ಬಂದು ನಿಂತಿದ್ದು ದ್ವಾಸಿ ಮಷೀನು.

ಈ ಕಥಿ ನಡದಾಗ ದಿನಾ ಸಂಜಿಗೆ ಒಂದೊಂದ ತುಂಡು ಮನಿಯೊಳಗ ಹೇಳತಿದ್ದೆ. ನನ್ನ ಹೆಂಡತಿ ಹೊಟ್ಟಿ ಹಿಡಕೊಂಡು ನಗಾಕಿ. ನಕ್ಕು ಮುಗದ ಮ್ಯಾಲೆ, "ಪಾಪ, ಆ ಅಣ್ಣಾಂದು ಮುಂದ ಏನಾತ್ರಿ?" ಅಂತ ಕೇಳಾಕಿ. ಅಲ್ಲಿಗೆ ನನ್ನ ನಗಿ ನಿಂತು ಹೋಗತಿತ್ತು.

೧. ಸುಡೋ ಸಾಮಾನು

ಅಣ್ಣಾ ಅಂದ್ರ ಬಿಬವೇವಾಡಿಯೊಳಗ ಹೋಟೆಲ್ ಇಟ್ಟಿದ್ದ ಕುಂದಾಪುರದ ಕಡೆಯವರು. ಪುಣೇದಾಗ ಇಡ್ಲಿ-ದ್ವಾಸಿ ಹೋಟೆಲಿನ ಮಾಲಕರಿಗೆ ಎಲ್ಲಾರೂ ಅಣ್ಣಾ ಅಂತನ ಕರೀತಾರ, ನಾನೂ ಹಂಗ ಕರೀತೀನಿ. ಹರೇದಾಗಿಂದ ಕಾವಲಿ ಮುಂದ ನಿಂತು ನಿಂತು ಅವರ ಬಲಗೈ ಭುಜ ಕೆಟ್ಟು ಹೋಗಿತ್ತು, ಸೌಟು ಎತ್ತಲಿಕ್ಕೆ ಬರತಿದ್ದಿಲ್ಲ. ಅದಕ್ಕ ತಾವ ತಲಿ ಓಡಿಸಿ ದ್ವಾಸಿ ಹೊಯ್ಯೋ ಮಷೀನು ಮಾಡಿದ್ರು. ಅದಕ್ಕೊಂದು ಕ್ಯಾಮೆರಾ. ಕ್ಯಾಮೆರಾ ದ್ವಾಸಿಯ ಬಣ್ಣಾ ನೋಡಿ ಉರಿ ಏರಸತದ, ಇಳಸತದ. ಆ ಕ್ಯಾಮೆರಾಕ್ಕ ಬುದ್ಧಿ ಕಲಿಸಿದಾಕಿ ಯೆರವಡಾದ ಕಂಪನಿಯೊಳಗ ಕೆಲಸಾ ಮಾಡೋ ಒಬ್ಬಾಕಿ ಮೈಸೂರಿನ ಹುಡುಗಿ. ಅಣ್ಣಾನ ಹೋಟೆಲಿನ್ಯಾಗ ತಿಂಡಿ ತಿಂದ ಋಣಕ್ಕ ರವಿವಾರ ರವಿವಾರ ಬಂದು ಕುಂತು ಪ್ರೋಗ್ರಾಮ್ ಬರದು ಕೊಟ್ಟಿದ್ಲು.

ಮಸ್ಕತ್ತಿನ್ಯಾಗ ಯಾರೋ ಹೊಸಾ ಹೋಟೆಲ್ ತೆರೆಯಾವರಿದ್ರು. ಉದ್ಘಾಟನೆಗೆ ಒಂದು ಮಷೀನು ಕಳಸ್ರಿ, ಛಲೋ ನಡದ್ರ ನಮ್ಮ ಎಲ್ಲಾ ಹೋಟೆಲಿಗೂ ತಗೋತೀವಿ ಅಂದಿದ್ರಂತ. ಹಡಗಿಗೆ ಸಾಮಾನು ಹಾಕೋ ಏಜಂಟ ಮಾತ್ರ, "ಒಳಗ ಚಿಪ್ಪದ, ಕ್ಯಾಮೆರಾ ಅದ. ವಾಣಿಜ್ಯ ಇಲಾಖೆಯಿಂದ ತಕರಾರಿಲ್ಲ ಅಂತ ಪತ್ರಾ ತರ್ರಿ" ಅಂದ.

ಅಣ್ಣಾ ನನ್ನ ಟೇಬಲ್ ಮುಂದ ಕುಂತು ಹೇಳಿದ್ರು: "ನೋಡಿ ಸಾರ್, ನಮ್ಮ ಹೋಟೆಲಿನ ಕಟ್ಟಡ ಕೆಡವ್ತಾರಂತೆ. ದೀಪಾವಳಿಯೊಳಗೆ ಖಾಲಿ ಮಾಡ್ಬೇಕು. ಬೇರೆ ಜಾಗ ಹಿಡಿಯುವ ತಾಕತ್ತು ನನಗಿಲ್ಲ. ಈ ಮಿಷನ್ ಮಸ್ಕತ್ತಿಗೆ ಹೋದ್ರೆ ನಾನು ಮಿಷನ್ ಮಾಡುವವ. ಹೋಗದಿದ್ರೆ ನಾನು ಎಂತದೂ ಅಲ್ಲ."

ನಾ ಅವರನ್ನ ಸಾಹೇಬರ ಕಡೆ ಕರಕೊಂಡು ಹೋದೆ. ನಮ್ಮ ಸಾಹೇಬರು ಮರಾಠಿ ಮನಷ್ಯಾ, ಭಾಳ ಸಜ್ಜನ. ಆದ್ರ ಸಹಿ ಮಾಡೂದಂದ್ರ ಕೈ ನಡಗತಾವ. ಏನ ಕೇಳ್ರಿ, "ಬಘೂಯಾ" ಅಂತಾರ, ಅಂದ್ರ ನೋಡೂಣು. ಜೀವನದಾಗ ಅವರು ಎಷ್ಟು ನೋಡ್ಯಾರಂದ್ರ, ಮಾಡಲಿಕ್ಕೆ ವ್ಯಾಳ್ಯಾನ ಸಿಕ್ಕಿಲ್ಲ.

"ಈ ಯಂತ್ರದಿಂದ ಯಾರಿಗಾದ್ರೂ ಅಪಾಯ ಆದೀತೇನು?" ಅಂತ ಸಾಹೇಬರು ಕೇಳಿದ್ರು.

ಅಣ್ಣಾ ಪಾಪ, ಹೋಟೆಲಿನವರು. "ಬಿಸಿ ಇರುವಾಗ ಗಡಿಬಿಡಿಯಲ್ಲಿ ತಿಂದ್ರೆ ನಾಲಿಗೆ ಸುಡ್ತದೆ ಸಾರ್" ಅಂದ್ರು.

ಸಾಹೇಬರು ಗಂಭೀರ ಆಗಿ ಫೈಲಿನ್ಯಾಗ ಬರಕೊಂಡ್ರು: "ಸುಡುವ ಸಾಮರ್ಥ್ಯ ಉಂಟೆಂದು ಅರ್ಜಿದಾರರೇ ತಿಳಿಸಿರುತ್ತಾರೆ."

೨. ತಿನ್ನೂದೋ, ತಂತ್ರಜ್ಞಾನವೋ

ನಮ್ಮಲ್ಲೆ ತಿನ್ನೋ ಪದಾರ್ಥಕ್ಕ ಒಂದು ಟೇಬಲ್, ತಂತ್ರಜ್ಞಾನಕ್ಕ ಒಂದು ಟೇಬಲ್. ತಂತ್ರಜ್ಞಾನದ್ದು ನಂದು. ತಿನ್ನೂದು ಬಾಜೂಕ ಕೂಡೋ ಮರಾಠಿ ಹೆಣ್ಣಮಗಳದು, ಅವರಿಗೆ ಎಲ್ಲಾರೂ ಬಾಯಿ ಅಂತೀವಿ. ಎದ್ದು ಕೈ ಚಾಚಿದ್ರ ಒಬ್ಬರದೊಬ್ಬರಿಗೆ ಚಹಾ ಕೊಡಬಹುದು. ಆದ್ರ ಫೈಲು ಕೊಡೂಹಂಗಿಲ್ಲ. ಅದು ಕಂಪ್ಯೂಟರಿನ್ಯಾಗ ಹೊಂಟು ಸಾಹೇಬರನ್ನ ಭೆಟ್ಟಿ ಆಗಿ, ಅಲ್ಲೆ ಒಂದಿಷ್ಟು ದಿನಾ ಆರಾಮ ತಗೊಂಡು ಬರಬೇಕು.

ಅರ್ಜಿಯ ಮ್ಯಾಲೆ "ದೋಸೆ" ಅಂತ ಇತ್ತಲ್ಲಾ, ಫೈಲು ಮೊದಲ ಬಾಯಿ ಅವರ ಕಡೆ ಹೋತು. ಅವರ ಕಂಪ್ಯೂಟರಿನ್ಯಾಗ ತಿನ್ನೋ ಪದಾರ್ಥಕ್ಕ ಕೇಳೋ ಪ್ರಶ್ನಿ ಮೊದಲ ತಯಾರ ಇರತಾವ, ತಪ್ಪಿಸಲಿಕ್ಕೆ ಬರಂಗಿಲ್ಲ. ಅಣ್ಣಾಗ ಒಂದು ಪ್ರಶ್ನಿ ಹೋತು: ತಯಾರಾದ ಮೇಲೆ ಎಷ್ಟು ದಿನಗಳೊಳಗೆ ಸೇವಿಸಬೇಕು?

ಅಣ್ಣಾ ಪ್ರಾಮಾಣಿಕ ಉತ್ತರಾ ಬರದು ಕಳಿಸಿದ್ರು: "ಮಿಷನ್ ತಿನ್ನುವ ಕ್ರಮ ನಮ್ಮಲ್ಲಿಲ್ಲ."

ಬಾಯಿ ಅವರಿಗೆ ಬೇಕಾಗಿದ್ದೂ ಅದ. "ಅರ್ಜಿದಾರರು ತಾವೇ ತಿನ್ನುವುದಿಲ್ಲವಾದ್ದರಿಂದ ಇದು ಆಹಾರವಲ್ಲ" ಅಂತ ಬರದು ನನ್ನ ಟೇಬಲ್ಲಿಗೆ ದೂಡಿದ್ರು.

ನಾ ಪಟ್ಟಿ ತಗದು ಕುಂತೆ. ರಾಡಾರ್ ಇತ್ತು, ಡ್ರೋನ್ ಇತ್ತು, ವಿಷ ತಯಾರಸೋ ಭಾಂಡೆ ಸುದ್ಧಾ ಇತ್ತು. ದ್ವಾಸಿ ಎಲ್ಲೂ ಇದ್ದಿಲ್ಲ. "ಪಟ್ಟಿಯೊಳಗ ಇಲ್ಲ, ಬಿಡಬಹುದು" ಅಂತ ಬರದು ಸಾಹೇಬರಿಗೆ ಕಳಿಸಿದೆ. ಸಾಹೇಬರು ನನ್ನ ಕರದು ಕೇಳಿದ್ರು, "ಪಟ್ಟಿಯೊಳಗ ಇಲ್ಲಾ ಅಂತೀರಿ. ಪಟ್ಟಿ ಮಾಡಿದವರು ದ್ವಾಸಿ ತಿನ್ನಾವರು ಇದ್ದರೋ ಇಲ್ಲೋ ನಿಮಗ ಗೊತ್ತದ ಏನು?"

ನನಗ ಗೊತ್ತಿದ್ದಿಲ್ಲ. ಫೈಲು ಅಲ್ಲೇ ಕುಂತ್ಕೊಂಡ್ತು.

೩. ಪ್ರಯೋಗ

ಸಾಹೇಬರು ಕಡೀಕ, ಯಂತ್ರಾ ತಂದು ನಡಿಸಿ ತೋರಸ್ರಿ ಅಂದ್ರು. ಅಣ್ಣಾ ಟೆಂಪೋದಾಗ ಮಷೀನು, ಒಂದು ದೊಡ್ಡ ಪಾತೇಲಿ ಹಿಟ್ಟು, ಚಟ್ನಿ, ಪಲ್ಯಾ ಎಲ್ಲಾ ಹೇರ್ಕೊಂಡು ಬಂದ್ರು. ಹುಡುಗಿ ರಜಾ ಹಾಕಿ ಲ್ಯಾಪ್‌ಟಾಪ್ ಹಿಡಕೊಂಡು ಬಂದಿದ್ಲು.

ಮೊದಲನೇ ದ್ವಾಸಿ ಬಿತ್ತು ನೋಡ್ರಿ, ಬಂಗಾರದ ಬಣ್ಣಾ. ವಾಸನಿ ಮ್ಯಾಲಿನ ಮಜಲಿಗೆ ಏರಿತು. ಮ್ಯಾಲಿನ ಕಚೇರಿ ಮಂದಿ, ನಮಗೂ ಇದಕ್ಕೂ ಏನೇನೂ ಸಂಬಂಧ ಇಲ್ಲದವರು, ಪರಿಶೀಲನೆಗೆ ಅಂತ ಪ್ಲೇಟು ಹಿಡಕೊಂಡು ಪಾಳಿ ಹಚ್ಚಿದ್ರು. ಸಾಹೇಬರು ಒಂದು ತಿಂದು, "ಒಂದೇ ಪ್ರಯೋಗದಿಂದ ನಿರ್ಣಯಕ್ಕ ಬರಲಿಕ್ಕೆ ಆಗೂದಿಲ್ಲ" ಅಂದ್ರು. ಎರಡನೇದು ತಿಂದು, "ಮಸಾಲೆ ಸಹಿತ ಪರಿಶೀಲಿಸಬೇಕು" ಅಂದ್ರು.

ಅಷ್ಟರಾಗ ಯಾರೋ ಸೆಖಿ ಅಂತ ಎಸಿ ಹಚ್ಚಿದ್ರು. ಮಷೀನು, ಎಸಿ ಎರಡೂ ಕೂಡಿ ಇಡೀ ಕಟ್ಟಡದ ಕರೆಂಟು ಹೋತು. ಅವತ್ತ ದಿಲ್ಲಿಗೆ ಏರಸಬೇಕಾಗಿದ್ದ ಈ ಮಷೀನಿನ ವರದಿ ಉಳೀತು. "ಸರ್, ಶಿಪ್ ಡೇಟ್ ಹತ್ರ ಬರ್ತಾ ಇದೆ, ಪ್ಲೀಸ್ ಇವತ್ತೇ ಕ್ಲಿಯರ್ ಮಾಡಿ" ಅಂತ ಹುಡುಗಿ ಅಳೋಹಂಗ ಆಗಿದ್ಲು.

ಅಣ್ಣಾ ಕತ್ತಲಿನ್ಯಾಗ ಖಾಲಿ ಪಾತೇಲಿ ಬಗ್ಗಿಸಿ ತೋರಿಸಿದ್ರು. "ಹಿಟ್ಟು ಮುಗೀತು ಸಾರ್. ನಿರ್ಣಯ ಎಂತ ಆಯ್ತು?"

ಸಾಹೇಬರು ಒಂದು ಸಮಾಧಾನದ ಡೇಗು ಬಿಟ್ಟು ಅಂದ್ರು, "ಬಘೂಯಾ."

೪. ಖರೇ ಮಾತಾಡೋ ಹುಡುಗಿ

ಕಡೀಕ ವರದಿ ಮುಟ್ಟಿ, ದಿಲ್ಲಿಯ ಒಬ್ಬರು ತಜ್ಞರು ಕಂಪ್ಯೂಟರಿನ ಪಡದೆ ಮ್ಯಾಲೆ ಭೆಟ್ಟಿ ಆಗತೀನಿ ಅಂದ್ರು. ಅಣ್ಣಾ ಇಸ್ತ್ರಿ ಅಂಗಿ ಹಾಕ್ಕೊಂಡು, ಹಣಿಗೆ ಗಂಧ ಹಚ್ಚಿಕೊಂಡು ಬಂದು ಕುಂತ್ರು. ಒಂದು ಕಡೆ ನಾನು, ಇನ್ನೊಂದು ಕಡೆ ಹುಡುಗಿ. ಪಡದೆ ತುಂಬ ದಿಲ್ಲಿಯವರ ದೊಡ್ಡ ಮುಖಾ, ಬಲಗಲ್ಲದ ಮ್ಯಾಲೆ ಒಂದು ಮಚ್ಚಿ. ಅಣ್ಣಾ ಕಣ್ಣು ಪಿಳಕಸದ ಅವರನ್ನ ನೋಡತಿದ್ರು.

ಎಲ್ಲಾ ಸುರಳೀತ ನಡದಿತ್ತು. ಆಮ್ಯಾಲೆ ದಿಲ್ಲಿಯವರು ಕೇಳಿದ್ರು, "ಈ ಕ್ಯಾಮೆರಾ ಮನಷ್ಯಾರ ಮುಖಾ ಗುರುತು ಹಿಡೀತದೇನು?"

"ಇಲ್ಲ ಸಾರ್, ದೋಸೆ ಮಾತ್ರ" ಅಂದ್ರು ಅಣ್ಣಾ.

ಅಲ್ಲಿಗೆ ಮುಗೀಬೇಕಾಗಿತ್ತು. ಆದ್ರ ಆ ಹುಡುಗಿ ಸುಳ್ಳು ಹೇಳಲಿಕ್ಕೆ ಬರಲಾರದಾಕಿ. "ಆಕ್ಚುಯಲಿ ಸರ್, ಥಿಯರೆಟಿಕಲಿ ಪಾಸಿಬಲ್" ಅಂದ್ಲು. "ಟ್ರೈನ್ ಮಾಡಿದ್ರೆ ಫೇಸ್ ಕೂಡ ಡಿಟೆಕ್ಟ್ ಮಾಡತ್ತೆ. ಅದಕ್ಕೆ ದೋಸೆನೂ ರೌಂಡು, ಫೇಸೂ ರೌಂಡು."

ದಿಲ್ಲಿಯವರ ರೌಂಡ್ ಮುಖಾ ಬಿಗಿ ಆತು. ಹಂಗಾದ್ರ ಇದು ಸೇನೆಗೆ ಉಪಯೋಗ ಆಗೂವಂಥಾದ್ದೋ ಅಲ್ಲೋ ಅಂತ ಸೇನೆಯವರ ಅಭಿಪ್ರಾಯ ತಗೋರಿ ಅಂತ ಹೇಳಿ ಹೋದ್ರು.

ಹುಡುಗಿ ಬಾಯಿ ತಗದ ಕ್ಷಣಕ್ಕನ ಅಣ್ಣಾ ಟೇಬಲ್ ಕೆಳಗ ಕಾಲಿಲೆ ಜೋರ ಒದ್ದು ಸುಮ್ಮನಿರು ಅಂತ ಸನ್ನಿ ಮಾಡಿದ್ರು. ಆಕಿ ಯಾಕ ಸುಮ್ಮನಾಗಲಿಲ್ಲಾ ಅಂದ್ರ, ಒದಿಸಿಕೊಂಡಾಂವ ನಾನು.

೫. ಮೆಚ್ಚಿಗಿ

ಖಡಕಿಯಿಂದ ಒಬ್ಬರು ಸೇನೆಯ ಅಧಿಕಾರಿ ಬಿಬವೇವಾಡಿಯ ಹೋಟೆಲಿಗೇ ಹೋದ್ರು. ಜೋಡಿಗೆ ನಾನೂ ಹೋಗಿದ್ದೆ. ಕಟ್ಟಡದ ಅರ್ಧಾ ಆವಾಗಲೇ ಖಾಲಿ ಆಗಿತ್ತು, ಬಾಜೂದ ಅಂಗಡಿಯ ಶಟರ್ ಕಿತ್ತು ಒಯ್ದಿದ್ರು. ಅಧಿಕಾರಿ ಭಾಳ ಶಿಸ್ತಿನ ಮನಷ್ಯಾ. ದ್ವಾಸಿ ತಿಂದ್ರು, ಮಷೀನಿನ ಸುತ್ತ ಒಂದು ಸುತ್ತು ಹಾಕಿದ್ರು, ತಾಸಿಗೆ ಎಷ್ಟು ಬೀಳತಾವ ಅಂತ ಕೇಳಿದ್ರು, ಇನ್ನೊಂದು ತಿಂದ್ರು. ಆಮ್ಯಾಲೆ ಸಂತೋಷದಿಂದ ಅಭಿಪ್ರಾಯ ಬರದ್ರು: "ಸೇನೆಗೆ ಅತ್ಯಂತ ಉಪಯುಕ್ತ. ನಮ್ಮ ಮೆಸ್ಸಿಗೆ ತಕ್ಷಣ ಒಂದು ಬೇಕು."

ಅಣ್ಣಾಗ ಆಕಾಶ ಮೂರ ಗೇಣು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಏನು ಬೇಕು ಅಂತ ಮರುದಿನಾ ನಮ್ಮ ಕಚೇರಿಗೆ ಲಾಡು ತಂದು ಹಂಚಿದ್ರು. ಸಾಹೇಬರು ಲಾಡು ಬಾಯಾಗಿಟ್ಟುಕೊಂಡು ಅಭಿಪ್ರಾಯ ಓದಿದ್ರು, ಲಾಡು ಅಲ್ಲೇ ನಿಂತ್ಕೊಂಡ್ತು. ಸೇನೆಗೆ ಉಪಯುಕ್ತ ಅಂದ ಮ್ಯಾಲೆ ಮುಗೀತು. ಕಾಯ್ದೆಯ ಪ್ರಕಾರ ಪರವಾನಗಿ ಬೇಕಾಗೂದ ಅಂಥಾ ಸಾಮಾನಿಗೆ. ಫೈಲು ದಿಲ್ಲಿಯ ದೊಡ್ಡ ಸಮಿತಿಗೆ ಹೋತು. ಅಲ್ಲಿಗೆ ಹೋದ ಫೈಲು ಹಡಗಿನ ದಾರಿ ಕಾಯಂಗಿಲ್ಲ.

ನಾ ಅಣ್ಣಾನ್ನ ವರಾಂಡಾಕ್ಕ ಕರದು ತಿಳಿಸಿ ಹೇಳಿದೆ. ಅವರು ಕೇಳಿದ್ರು, "ಹಾಗಾದ್ರೆ ಇದು ಯಾವ ಪ್ರಯೋಜನಕ್ಕೂ ಬಾರದ್ದು ಅಂತ ಅವರು ಬರೆದಿದ್ರೆ ಹೋಗ್ತಿತ್ತಾ ಸಾರ್?"

"ಹೌದ್ರಿ ಅಣ್ಣಾ."

"ಎಂತ ಮಾರಾಯ್ರೆ, ಮೊದಲೇ ಹೇಳುದಲ್ವಾ? ಅವರಿಗೆ ನಿನ್ನೆಯ ಚಟ್ನಿ ಹಾಕ್ತಿದ್ದೆ."

ಇದನ್ನ ಕೇಳಿ ನನ್ನ ಹೆಂಡತಿ ಕಣ್ಣಾಗ ನೀರು ಬರೂತನಕಾ ನಕ್ಕಳು. ಆಮ್ಯಾಲೆ, ಮಾಮೂಲಿನಂಗ, ಕೇಳಿದ್ಲು. ನಾ ಉಣ್ಣಲಿಕ್ಕೆ ಕುಂತೆ.

೬. ಗುರುತು

ಮಸ್ಕತ್ತಿನ ಹೋಟೆಲು ಹೇಳಿದ ದಿನಾ ತೆರೀತು. ಅಲ್ಲೆ ಬ್ಯಾರೆ ಯಾವದೋ ದೇಶದ ಮಷೀನು ಬಂದು ಕುಂತಿತ್ತು. ಎಲ್ಲಾ ಹೋಟೆಲಿಗೂ ಅದ ಮಷೀನು ಅಂತ ಆಮ್ಯಾಲೆ ತಿಳೀತು. ದೀಪಾವಳಿಗೆ ಬಿಬವೇವಾಡಿಯ ಕಟ್ಟಡಾ ಕೆಡವಿದ್ರು. ಅದಾದ ಮ್ಯಾಲೆ ದಿಲ್ಲಿಯಿಂದ ಪತ್ರಾ ಬಂತು: ಈ ಯಂತ್ರಕ್ಕೆ ಯಾವುದೇ ಪರವಾನಗಿಯ ಅಗತ್ಯವಿಲ್ಲ.

ನಾ ಆ ಪತ್ರಾ ಅಣ್ಣಾನ ಕೈಯಾಗ ಕೊಟ್ಟೆ. ಓದಿ, ಘಡಿ ಮಾಡಿ ಕಿಸೆದಾಗ ಇಟ್ಕೊಂಡ್ರು. "ಒಳ್ಳೆದಾಯ್ತು ಸಾರ್, ನಾನೇನೂ ತಪ್ಪು ಮಾಡ್ಲಿಲ್ಲ ಅಂತ ಬರೆದು ಕೊಟ್ರಲ್ಲ" ಅಂದ್ರು. ಸಿಟ್ಟು ಮಾಡಿದ್ರ ಛಲೋ ಇತ್ತು, ಬೈದಿದ್ರ ಇನ್ನೂ ಛಲೋ ಇತ್ತು. ಒಬ್ಬರೂ ಕೆಟ್ಟವರಿದ್ದಿಲ್ಲ ನೋಡ್ರಿ, ಬಾಯಿ ಅವರು ಅಲ್ಲ, ಹುಡುಗಿ ಅಲ್ಲ, ಖಡಕಿಯವರಂತೂ ಅಲ್ಲೇ ಅಲ್ಲ. ಎಲ್ಲಾರೂ ಕೂಡಿ ಒಬ್ಬ ಮನಷ್ಯಾನ ಅನ್ನಾ ಕಸಗೊಂಡ್ವಿ.

ಸಾಹೇಬರಿಗೂ ಚುರ್ ಅಂದಿರಬೇಕು. ಮುಂದಿನ ವರ್ಷ ನಮ್ಮ ಕಚೇರಿ ಕ್ಯಾಂಟೀನು ಖಾಲಿ ಆದಾಗ ಅಣ್ಣಾನ ಅರ್ಜಿ ಬಂತು. ಸಾಹೇಬರು ಬಘೂಯಾ ಅನ್ನಲಿಲ್ಲ. ಕುಂತ ಕೂಡಲೆ ಸಹಿ ಮಾಡಿದ್ರು, ಕೈಯೂ ನಡಗಲಿಲ್ಲ. ಅವಾಗಿಂದ ಮಷೀನು ನಮ್ಮ ಕ್ಯಾಂಟೀನಿನ್ಯಾಗ ಅದ. ಹುಡುಗಿ ಆಗೊಮ್ಮೆ ಈಗೊಮ್ಮೆ ಬಂದು ಕ್ಯಾಮೆರಾ ಒರಸಿ, ಎರಡು ಮಾತಾಡಿ ಹೋಗತಾಳ.

ಹ್ವಾದ ತಿಂಗಳು ದಿಲ್ಲಿಯಿಂದ ತಪಾಸಣೆಗೆ ಒಬ್ಬರು ದೊಡ್ಡವರು ಬಂದ್ರು. ಮಧ್ಯಾಹ್ನ ಕ್ಯಾಂಟೀನಿಗೆ ಕರಕೊಂಡು ಬಂದ್ವಿ. ದ್ವಾಸಿ ತಿಂದು ಖುಷಿ ಆಗಿ, ಮಷೀನಿನ ಮ್ಯಾಲೆ ಕೈ ಆಡಿಸಿ ಹಿಂದಿಯೊಳಗ ಅಂದ್ರು, "ನಮ್ಮ ದೇಶದಾಗ ಇಂಥಾ ತಂತ್ರಜ್ಞಾನ ಅದ, ಇದನ್ನ ಇಲ್ಲ್ಯಾಕ ಇಟ್ಟೀರಿ? ಹೊರದೇಶಕ್ಕ ಕಳಸಬೇಕ್ರಿ. ನಮ್ಮ ಇಲಾಖೆ ಇರೂದ ಇಂಥವರ ಸಹಾಯಕ್ಕ."

ಸಾಹೇಬರು ಫ್ಯಾನು ನೋಡಲಿಕ್ಕೆ ಹತ್ತಿದ್ರು. ನಾ ನನ್ನ ಪ್ಲೇಟು ನೋಡಲಿಕ್ಕೆ ಹತ್ತಿದೆ.

ಅಣ್ಣಾ ಮಾತ್ರ ಕೈ ಒರಸಿಕೊಂಡು ಹತ್ತರ ಬಂದು, ತಮ್ಮ ಹೋಟೆಲ್ ಹಿಂದಿಯೊಳಗ ಹೇಳಿದ್ರು. ಅದನ್ನ ನಾ ಅವರ ಕನ್ನಡದಾಗ ಹೇಳತೀನಿ: "ಕಳಿಸ್ಲಿಕ್ಕೆ ಹೊರಟಿದ್ದೆ ಸಾರ್. ನೀವು ಪರದೆಯಲ್ಲಿ ಬಂದು ಕೇಳಿದ್ರಿ, ಈ ಕ್ಯಾಮೆರಾ ಮುಖ ಗುರುತು ಹಿಡೀತದಾ ಅಂತ."

ದಿಲ್ಲಿಯವರು ಬಾಯಿಗೆ ಒಯ್ದಿದ್ದ ತುತ್ತು ನಿಲ್ಲಿಸಿದ್ರು. ಆವಾಗ ನಾನೂ ನೋಡಿದೆ, ಬಲಗಲ್ಲದ ಮ್ಯಾಲೆ ಆ ಮಚ್ಚಿ.

"ಕ್ಯಾಮೆರಾ ಇವತ್ತಿಗೂ ಹಿಡಿಯುದಿಲ್ಲ ಸಾರ್" ಅಂದ್ರು ಅಣ್ಣಾ, ದನಿ ಏರಸದ. "ನೀವು ಬಾಗಿಲಲ್ಲಿ ಬರುವಾಗಲೇ ನಾನು ಹಿಡಿದೆ. ಇನ್ನೊಂದು ಹಾಕ್ಲಾ? ಈಗಿನದ್ದು ಮಸಾಲೆ ಸಹಿತ."

ದಿಲ್ಲಿ ಸಾಹೇಬರು ಪ್ಲೇಟು ಮುಂದ ಮಾಡಿದ್ರು.