ಗದ್ದೆಯ ಒಪ್ಪತ್ತು

ಕೆಲವು ಸಂಗತಿಗಳನ್ನು ಮನುಷ್ಯ ತಿಳಿದುಕೊಳ್ಳಲೇಬಾರದು. ತಿಳಿದರೂ ಹೊಟ್ಟೆಯಲ್ಲಿಟ್ಟುಕೊಂಡು ತೆಪ್ಪಗಿರಬೇಕು. ನನ್ನಿಂದ ಎರಡೂ ಆಗುವುದಿಲ್ಲ. ನಾನು ಮಾದೇವ, ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಏನಾದರೂ ಹೊಸದು ಕಿವಿಗೆ ಬಿದ್ದರೆ ಅದನ್ನು ಇನ್ನೊಬ್ಬರ ಕಿವಿಗೆ ಹಾಕುವ ತನಕ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಹಾಕಿದ ಮೇಲೆ, ಯಾಕಾದರೂ ಹೇಳಿದೆನೋ ಎಂದು ಮತ್ತೆ ಅದೇ ಚಡಪಡಿಕೆ. ನನ್ನ ಹೆಂಡತಿ ಗಿರಿಜೆ ಚನ್ನರಾಯಪಟ್ಟಣದ ಕಡೆಯವಳು, ಬಲು ನಿಧಾನಸ್ಥೆ. ಕಾಯಿ ತಾನಾಗಿ ಬೀಳಲಿ ಎಂದು ತೆಂಗಿನ ಮರದ ಕೆಳಗೆ ಕಾದು ಕೂರುವ ಮನೆತನದಿಂದ ಬಂದವಳು. ಮದುವೆಯಾದ ಹೊಸದರಲ್ಲಿ, ಒಂದು ಕಡೆ ಕೂತು ಕಾಫಿ ಕುಡಿಯುವುದು ಗಂಡಸರಿಗೆ ನಿಷಿದ್ಧವೇ ಎಂದು ಕೇಳಿದ್ದಳು. ಈಗ ಕೇಳುವುದನ್ನು ಬಿಟ್ಟು, ನಾನು ಓಡಾಡುವ ದಾರಿಯಲ್ಲೇ ಲೋಟ ಇಟ್ಟು ಹೋಗುತ್ತಾಳೆ.

ಈ ಸಲದ ಪೀಕಲಾಟ ಶುರುವಾದದ್ದು ಹಾಸನದಲ್ಲಿ. ನಮ್ಮಂಥ ಮೇಷ್ಟ್ರುಗಳಿಗೆಲ್ಲ ಅಲ್ಲೊಂದು ತರಬೇತಿ ಇಟ್ಟಿದ್ದರು. ಭೂಮಿ ಬಿಸಿಯಾಗುತ್ತಿದೆ ಎಂಬುದೇ ವಿಷಯ. ಬೆಳಗ್ಗೆಯೆಲ್ಲ ದೊಡ್ಡ ದೊಡ್ಡ ದೇಶಗಳ ಕಾರ್ಖಾನೆ, ವಿಮಾನಗಳ ಮಾತು ನಡೆಯಿತು. ಪರರ ತಪ್ಪು ಕೇಳುವುದು ಯಾರಿಗೆ ಬೇಸರ? ನಾವೆಲ್ಲ ನೆಮ್ಮದಿಯಾಗಿ ತಲೆಯಾಡಿಸಿದೆವು. ಊಟವಾದ ಮೇಲೆ, ಅರ್ಧ ಜನ ತೂಕಡಿಸುತ್ತಿದ್ದಾಗ, ಮಾತಾಡುತ್ತಿದ್ದವರು ಮೆಲ್ಲಗೆ ನಮ್ಮ ಕಡೆ ತಿರುಗಿದರು. ನಮ್ಮಂಥ ದೇಶಗಳಲ್ಲಿ ಕಾರ್ಖಾನೆಯ ಹೊಗೆಯ ಜೊತೆಗೆ ಬೇಸಾಯದ ಪಾಲೂ ಇದೆ ಎಂದರು. ಕಾಡು ಕಡಿದು ಹೊಲ ಮಾಡುವುದು, ದನಗಳು ತೇಗುವುದು, ತಿಪ್ಪೆ ಕೊಳೆಯುವುದು, ಎಲ್ಲಕ್ಕೂ ಲೆಕ್ಕವಿದೆಯಂತೆ. ಕೊನೆಗೆ ಭತ್ತಕ್ಕೆ ಬಂದರು. ಸದಾ ನೀರು ನಿಂತ ಗದ್ದೆಯ ಕೆಸರಿಗೆ ಗಾಳಿಯಾಡುವುದಿಲ್ಲ, ಒಳಗೆ ಕೊಳೆಯುವ ಬೇರು ಹುಲ್ಲಿನಿಂದ ಮೀಥೇನ್ ಎಂಬ ಅನಿಲ ಹುಟ್ಟಿ ಮೇಲೇರಿ ಭೂಮಿಗೆ ಕಂಬಳಿ ಹೊದಿಸುತ್ತದೆ ಎಂದರು. ನಾನು ಆಗಷ್ಟೇ ಎರಡು ಸಲ ಅನ್ನ ಹಾಕಿಸಿಕೊಂಡು ಬಂದು ಕೂತಿದ್ದೆ.

ಊರಿಗೆ ಬಂದವನು ಮೊದಲು ಕೆಡಿಸಿಕೊಂಡದ್ದು ಹಾಲನ್ನು. ನಮಗೆ ಹಾಲು ಹಾಕುವ ಪುಟ್ಟಮ್ಮನ ಹತ್ತಿರ, ಹಸು ತೇಗಿದರೂ ಭೂಮಿಗೆ ಕೇಡಂತೆ ಎಂದು ಸಹಜವಾಗಿ ಹೇಳಿದೆ. ಮಾರನೆಯ ದಿನದಿಂದ ಹಾಲು ನೀರಾಯಿತು. ಗಿರಿಜೆ ಹೋಗಿ ಸಮಾಧಾನ ಮಾಡಿದ ಮೇಲೆ ಆಕೆ ಹೇಳಿದ್ದಿಷ್ಟು: ನಮ್ಮ ಗೌರಿಗೆ ಹೆಸರಿಡುವವರು ಕಪ್ಪು ಕಾಫಿ ಕುಡಿಯಲಿ. ಹಸುವಿನ ವಿಷಯಕ್ಕೆ ಇನ್ನು ಕೈಹಾಕಬಾರದು, ಭತ್ತವಾದರೆ ನಮ್ಮದೇ ಇದೆ ಎಂದು ಆಗ ತೀರ್ಮಾನ ಮಾಡಿದೆ.

ನಮ್ಮ ಗದ್ದೆ ಇರುವುದು ಮಲ್ಲಿಪಟ್ಟಣದ ಹತ್ತಿರ, ನಾಲೆಯ ಬಗಲಿಗೆ. ನೋಡಿಕೊಳ್ಳುವವನು ನಮ್ಮಣ್ಣ ರುದ್ರಣ್ಣ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿ ಮೇಷ್ಟ್ರು ಮಾಡಿದವನು ಅವನೇ. ನಮ್ಮಲ್ಲಿ ಇನ್ನೂ ಪಾಲಾಗಿಲ್ಲ. ಆಗಬೇಕು ಎಂದು ಇಬ್ಬರಿಗೂ ಅನ್ನಿಸಿಲ್ಲ. ನಾನು ಹೋಗಿ ತರಬೇತಿಯವರು ಹೇಳಿಕೊಟ್ಟ ಉಪಾಯ ವಿವರಿಸಿದೆ. ಗದ್ದೆಯಲ್ಲಿ ತೂತು ಕೊರೆದ ಒಂದು ಪೈಪನ್ನು ಹೂಳುವುದು, ಅದರೊಳಗೆ ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗಿಳಿಯುವ ತನಕ ಗದ್ದೆಯನ್ನು ಒಣಗಲು ಬಿಡುವುದು, ಆಮೇಲೆ ನೀರು ಹಾಯಿಸುವುದು, ಮತ್ತೆ ಒಣಗಲು ಬಿಡುವುದು. ಹೂವಾಗುವ ಹೊತ್ತಿಗೆ ಮಾತ್ರ ಗದ್ದೆ ತುಂಬ ನೀರು ಇದ್ದರಾಯಿತು. ನೆಲಕ್ಕೆ ಗಾಳಿಯಾಡುತ್ತದೆ, ಅನಿಲ ಕಡಿಮೆಯಾಗುತ್ತದೆ, ಬೆಳೆ ಕೆಡುವುದಿಲ್ಲ. ಅಣ್ಣ ಎಲ್ಲ ಕೇಳಿಸಿಕೊಂಡು, ಗದ್ದೆಯಲ್ಲಿ ರಸ್ತೆ ಪಕ್ಕದ ಒಂದು ತಾಕು ತಗೋ ಎಂದ. ನಾನು ಕೇಳಿದ್ದಕ್ಕೆ ಅವನು ಇಲ್ಲ ಅಂದದ್ದು ನನಗೆ ನೆನಪಿಲ್ಲ.

ಪೈಪು ಹೂತೆವು. ಆಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಶಾಲೆ ಬಿಟ್ಟ ತಕ್ಷಣ ಕಾರು ಹತ್ತಿ ಅರಕಲಗೂಡಿನ ಮೇಲೆ ಗದ್ದೆಗೆ ಓಡುವುದು, ಬದುವಿನ ಮೇಲೆ ನಿಂತು ಪೈಪಿನೊಳಗೆ ಇಣುಕುವುದು, ಅಯ್ಯೋ ಇನ್ನೂ ಇಳಿದಿಲ್ಲ ಎಂದು ಕೈಹಿಸುಕಿಕೊಳ್ಳುವುದು. ಇಳಿಯತೊಡಗಿದಾಗ, ಪೈರು ಸತ್ತೀತೇ ಎಂದು ಇನ್ನೊಂದು ಥರ ಕೈಹಿಸುಕಿಕೊಳ್ಳುವುದು. ನೆಲ ಸಣ್ಣಗೆ ಬಿರುಕು ಬಿಟ್ಟ ದಿನ ಸಂತೋಷಕ್ಕೂ ಹೆದರಿಕೆಗೂ ನನಗೆ ಸರಿಯಾಗಿ ಊಟ ಸೇರಲಿಲ್ಲ. ಮಾರನೆಯ ದಿನ ಹೋಗಿ ನೋಡಿದರೆ ಗದ್ದೆ ತುಂಬ ನೀರು. ಪೈಪಿನ ಬಾಯಿಯವರೆಗೂ ನೀರು, ಅದರಲ್ಲೊಂದು ಕಪ್ಪೆ.

ಮೇಲಿನ ಗದ್ದೆ ನಂಜಮ್ಮನದು. ನನ್ನನ್ನು ಎತ್ತಿ ಆಡಿಸಿದ ಮುದುಕಿ. ತಾನೇ ಬದು ಕಡಿದು ನೀರು ತಿರುಗಿಸಿದೆ ಎಂದು ಒಂದಿಷ್ಟೂ ಮುಚ್ಚಿಡದೆ ಒಪ್ಪಿಕೊಂಡಳು. "ನಿಮ್ಮಪ್ಪ ಇದ್ದಾಗ ಆ ತಾಕು ಒಂದಿನಾನೂ ಬಾಯ್ ಬಿಟ್ಟಿದ್ದು ನಾ ಕಾಣೆ. ಕಣ್ಣಾರೆ ನೋಡ್ಕಂಡು ನೀರ್ ಕೊಡ್ದೆ ಎಂಗ್ಲಾ ಓಗ್ಲಿ ಮಾದೇವ?" ಎಂದಳು. ನಾನು ವಿವರಿಸಿ ಬಂದೆ. ಮತ್ತೆ ಒಣಗಿತು. ಈ ಸಲ ನೀರು ಬಿಟ್ಟವನು ನಾಲೆ ನೋಡಿಕೊಳ್ಳುವ ನೀರುಗಂಟಿ. ಮೇಷ್ಟ್ರು ದಿನಾ ಕಾರಲ್ಲಿ ಬಂದು ಒಣಗಿದ ಗದ್ದೆ ನೋಡಿಕೊಂಡು ಅಳುಮೋರೆ ಹಾಕಿಕೊಂಡು ನಿಲ್ಲುತ್ತಾರೆ, ನೋಡಲಾಗಲಿಲ್ಲ ಅಂದನಂತೆ. ಅದರ ಮುಂದಿನ ಸಲ ಬಿಟ್ಟವರು ಯಾರೋ ದಾರಿಹೋಕರು. ಹೀಗೆ ಎಲ್ಲರೂ ಕರುಣೆ ತೋರಿಸಿ ತೋರಿಸಿ, ಆ ನಾಲೆಯ ಬಯಲಿಗೆಲ್ಲ ನನ್ನ ತಾಕಿನಷ್ಟು ನೀರು ಕುಡಿದ ಗದ್ದೆ ಇನ್ನೊಂದಿಲ್ಲ ಎಂಬಂತಾಯಿತು. ಮೀಥೇನ್ ಕಡಿಮೆ ಮಾಡಲು ಹೋದವನ ಗದ್ದೆಯೇ ಎಲ್ಲಕ್ಕಿಂತ ಜಾಸ್ತಿ ಗುಳುಗುಳು ಅನ್ನುತ್ತಿತ್ತು.

ರೇಗಿಹೋಗಿ ಒಂದು ಬೋರ್ಡು ಬರೆಸಿ ನಿಲ್ಲಿಸಿದೆ. "ಈ ಗದ್ದೆಗೆ ನೀರು ನಿಲ್ಲಿಸಲಾಗಿದೆ. ಅನುಮತಿ ಇಲ್ಲದೆ ಯಾರೂ ನೀರು ಹಾಯಿಸಬಾರದು." ಕೆಂಪು ಅಕ್ಷರ, ಎರಡು ಫರ್ಲಾಂಗಿನಿಂದ ಕಾಣುವಂಥದ್ದು. ವಿಜ್ಞಾನ ಓದಿದ ನನಗೆ ನಮ್ಮ ಊರು ಮರೆತುಹೋಗಿತ್ತು. ನಮ್ಮ ಕಡೆ ಜಮೀನಿನಲ್ಲಿ ಬೋರ್ಡು ಏಳುವುದು ಒಂದೋ ಸೈಟು ಹಂಚುವಾಗ, ಇಲ್ಲವೇ ಕೋರ್ಟಿಗೆ ಹೋದಾಗ. ನಾಲೆಯಲ್ಲಿ ನೀರು ಹರಿಯುತ್ತಿರುವಾಗ ಒಂದು ಗದ್ದೆ ಮಾತ್ರ ಒಣಗಿ ನಿಂತಿದ್ದರೆ ಅದಕ್ಕೆ ಒಂದೇ ಅರ್ಥ: ಅಣ್ಣತಮ್ಮಂದಿರು ಕಿತ್ತಾಡಿಕೊಂಡಿದ್ದಾರೆ. ತಮ್ಮ ಪಾಲು ಕೇಳಿ ಸ್ಟೇ ತಂದಿದ್ದಾನೆ, ದಿನಾ ಬಂದು ಕಾವಲು ಕಾಯುತ್ತಾನೆ ಎಂಬ ಸುದ್ದಿ ಮಲ್ಲಿಪಟ್ಟಣದ ಹೋಟೆಲಿನಲ್ಲಿ ಇಡ್ಲಿ ಬೇಯುವ ಮೊದಲೇ ಬೆಂದಿತ್ತು. ನನಗೆ ಫೋನು ಮಾಡಿ ರಾಜಿ ಮಾಡಿಸಲು ಮುಂದೆ ಬಂದ ನೆಂಟರಲ್ಲಿ ಕೆಲವರ ಪರಿಚಯ ನನಗೆ ಆಗ ಮೊದಲ ಸಲ ಆಯಿತು. ನಾನು ನಗಾಡಿದೆ. ಅಣ್ಣನೂ ನಗಾಡುತ್ತಿರಬಹುದು ಅಂದುಕೊಂಡೆ.

ಅಣ್ಣ ನಗುತ್ತಿರಲಿಲ್ಲ. ಅವನ ಮಗಳು ಚೈತ್ರಾಗೆ ಸಾಲಗಾಮೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ದೊಡ್ಡವರೂ ಒಪ್ಪಿದ್ದರು, ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದು ಬಾಕಿ. ಇದ್ದಕ್ಕಿದ್ದಂತೆ ಆ ಕಡೆಯಿಂದ ಮಾತು ನಿಂತುಹೋಯಿತು. ಮೊದಲು ಮನೆಯ ವ್ಯವಹಾರ ಸರಿಮಾಡಿಕೊಳ್ಳಿ, ಜಗಳದ ಮನೆಯಿಂದ ಹೆಣ್ಣು ತರುವುದಕ್ಕೆ ನಮಗೆ ಹೆದರಿಕೆ ಎಂದು ಮೂರನೆಯವರ ಕೈಲಿ ಹೇಳಿ ಕಳಿಸಿದ್ದರು. ಶನಿವಾರ ಸಂಜೆ ಅಣ್ಣ ಫೋನು ಮಾಡಿದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅಪ್ಪ ಹೋದಾಗಲೂ ಕೇಳಿರಲಿಲ್ಲ.

"ಲೋ ಮಾದೇವ, ಆ ಬೋರ್ಡ್ ಕಿತ್ತಾಕ್ಬುಡು ಕಣ. ಗ್ಯಾಸು ಮುಂದಿನ್ ವರ್ಸಾನೂ ಕಡ್ಮೆ ಮಾಡ್ಬೋದು. ಮಗಿಗೆ ಇದು ತಪ್ಪೋದ್ರೆ ನಾ ಏನ್ ಮಾಡ್ಲಿ?"

ನನಗೆ ನಾಚಿಕೆ, ಅದಕ್ಕಿಂತ ಹೆಚ್ಚು ಹೆದರಿಕೆ. ಚೈತ್ರಾ ಅರಕಲಗೂಡಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ನಮ್ಮ ಮನೆಯಲ್ಲಿ ಗಲಾಟೆ ಮಾಡಿಕೊಂಡು ಬೆಳೆದವಳು. ಭೂಮಿಯನ್ನು ತಣ್ಣಗೆ ಮಾಡಲು ಹೊರಟ ನಾನು ಆ ಹುಡುಗಿಯ ಮನೆಯಲ್ಲೇ ಒಲೆ ಹಚ್ಚಿದ್ದೆ. ಗಿರಿಜೆ ಮಾತ್ರ, ಬೋರ್ಡು ಕೀಳುವುದಕ್ಕೆ ಹೋಗುವಾಗಲಾದರೂ ಅಲ್ಲಿ ಭಾಷಣ ಮಾಡಬೇಡಿ ಎಂದಳು.

ಭಾನುವಾರ ಬೆಳಗ್ಗೆ ಹೋದರೆ ಬದುವಿನ ಮೇಲೆ ಆಗಲೇ ಜನ ನಿಂತಿದ್ದರು. ಸಾಲಗಾಮೆಯ ಹುಡುಗನ ತಂದೆ ಹೇಳದೆ ಕೇಳದೆ ತಾವೇ ಬಂದಿದ್ದರು, ಕಣ್ಣಾರೆ ನೋಡಿ ತೀರ್ಮಾನ ಮಾಡಬೇಕೆಂದು. ಪಕ್ಕದಲ್ಲಿ ಅಣ್ಣ, ಕೈಕಟ್ಟಿಕೊಂಡು. ಮೇಲಿನ ಬದುವಿನಲ್ಲಿ ನಂಜಮ್ಮ. ಆ ಮನುಷ್ಯ ಬೋರ್ಡನ್ನು ಓದಿ, ನನ್ನನ್ನು ನೋಡಿ, ಏನು ಸಾರ್ ಇದು ಎಂದು ಮರ್ಯಾದೆಯಾಗಿಯೇ ಕೇಳಿದರು. ಗಿರಿಜೆಯ ಮಾತು ಮರೆತೇಹೋಯಿತು. ನಾನು ವಾತಾವರಣದಿಂದ ಶುರುಮಾಡಿದೆ. ಸೂರ್ಯನ ಶಾಖ, ಅನಿಲದ ಕಂಬಳಿ, ಕೆಸರಿನ ಜೀವಾಣು, ದೂರದ ದೇಶದ ಮಂಜುಗಡ್ಡೆ. ನಾನು ಬಿಡಿಸಿ ಹೇಳಿದಷ್ಟೂ ಅವರ ಮುಖ ಬಿಗಿಯುತ್ತ ಹೋಯಿತು. ಒಂದು ಸಣ್ಣ ಜಗಳ ಮುಚ್ಚಿಡಲು ಇವನು ಮಂಜುಗಡ್ಡೆಯ ತನಕ ಹೋಗಬೇಕಾದರೆ ಒಳಗೆ ದೊಡ್ಡದೇ ಏನೋ ಇದೆ ಎಂದು ಅವರಿಗೆ ಅನ್ನಿಸಿರಬೇಕು. ಅಣ್ಣ ತಲೆ ತಗ್ಗಿಸಿದ.

ಆಗ ನಂಜಮ್ಮ ಬೇಸತ್ತು ಬಾಯಿಹಾಕಿದಳು. "ಅಲ್ಲ ಕಣ್ಲಾ, ಅದೇನ್ ಅಷ್ಟುದ್ದ ಏಳ್ತೀಯ. ಒಸಿ ದಿನ ಕುಡೀದಂಗೆ ಇರಾದು, ಆಮೇಲೆ ಕುಡಿಯಾದು, ತಿರ್ಗಾ ಬುಡಾದು. ಒಪ್ಪತ್ತು ತಾನೆ ಅದು? ಗದ್ದೆ ಕೈಲಿ ಒಪ್ಪತ್ತು ಮಾಡುಸ್ತಾವ್ನೆ ಅನ್ನು ಮತ್ತೆ."

ಸಾಲಗಾಮೆಯವರು ಬಗ್ಗಿ ಪೈಪಿನೊಳಗೆ ಇಣುಕಿದರು. ಅವರ ಮನೆಯಲ್ಲೂ ಸೋಮವಾರದ ಒಪ್ಪತ್ತು ಇದೆ, ಹೆಂಡತಿ ಮದುವೆಯಾದಾಗಿನಿಂದ ಬಿಟ್ಟಿಲ್ಲವಂತೆ. ಮೈಗೆ ಒಳ್ಳೆಯದು ಅನ್ನುತ್ತಾಳೆ, ನೆಲಕ್ಕೂ ಇರಬಹುದು ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ, ಹಾಗಾದರೆ ನೀವಿಬ್ಬರೂ ಮಾತಾಡುತ್ತೀರೋ ಎಂದು ಕೇಳಿದರು. ಅಣ್ಣ ನನ್ನನ್ನು ಒಂದು ಸಲ ನೋಡಿದ.

"ಮಾತಾಡಾದಾ ಸಾ? ದಿನಾ ಬತ್ತಾನೆ. ನಿಲ್ಸಾದೇ ಕಷ್ಟ ಆಗೈತೆ."

ಅವರು ನಕ್ಕರು. ಆ ನಗು ಕೇಳಿ ನಾನು ಒದ್ದೆ ಬದುವಿನ ಮೇಲೇ ಕೂತುಬಿಟ್ಟೆ. ಮನೆಗೆ ಹೋಗಿ ಕಾಫಿ ಕುಡಿದು ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಿಕೊಂಡೇ ಅವರು ಹೊರಟರು. ಚೈತ್ರಾ ನನ್ನನ್ನು ಅಡುಗೆಮನೆಗೆ ಕರೆದು, ಹುಡುಗನಿಗೆ ಪೈಪಿನ ವಿಷಯ ಫೋನಿನಲ್ಲಿ ಎಂದೋ ಹೇಳಿದ್ದೆ ಚಿಕ್ಕಪ್ಪ, ಅವರಪ್ಪನಿಗೆ ಹೇಳಲು ಅವನಿಗೆ ಧೈರ್ಯ ಬರಲಿಲ್ಲ ಅಷ್ಟೇ ಎಂದಳು. ಈ ಧೈರ್ಯದ ಗಂಡನ್ನು ಕಟ್ಟಿಕೊಂಡು ಇವಳು ಏನು ಮಾಡುತ್ತಾಳೋ ಎಂಬ ಹೊಸ ಚಿಂತೆ ನನಗೆ ಅಲ್ಲೇ ಹತ್ತಿಕೊಂಡಿತು.

ಬೋರ್ಡು ಕಿತ್ತು ಕೊಟ್ಟಿಗೆಗೆ ಒರಗಿಸಿದೆವು. ಆಮೇಲೆ ನನ್ನ ತಾಕಿಗೆ ಒಬ್ಬರೂ ಒಂದು ಹನಿ ನೀರು ಬಿಡಲಿಲ್ಲ. ಬೋರ್ಡಿಗೆ, ವಿಜ್ಞಾನಕ್ಕೆ, ನನ್ನ ಅಳುಮೋರೆಗೆ ಬಗ್ಗದ ಜನ ಒಪ್ಪತ್ತು ಅಂದ ಕೂಡಲೇ ಬಗ್ಗಿದರು. ಇನ್ನೊಬ್ಬರ ವ್ರತ ಕೆಡಿಸಿದ ಪಾಪ ಯಾರಿಗೆ ಬೇಕು? ನಂಜಮ್ಮ ತಾನೇ ಕಾವಲಿಗೆ ನಿಂತಳು. ಪೈಪಿನಲ್ಲಿ ಇಣುಕಿ, ಇವತ್ತು ಕುಡಿಸಬಹುದು ಎಂದು ಅಣ್ಣನಿಗೆ ಕೂಗಿ ಹೇಳುತ್ತಿದ್ದಳು. ಒಮ್ಮೆ ಹೊತ್ತಲ್ಲದ ಹೊತ್ತಲ್ಲಿ ಮಳೆ ಬಿದ್ದಾಗ, ವ್ರತ ಕೆಡಿಸಿತಲ್ಲ ಎಂದು ಮಳೆಗೇ ಬೈದಳಂತೆ. ಸುಗ್ಗಿಯಲ್ಲಿ ನೋಡಿದರೆ ನನ್ನ ತಾಕಿನ ಭತ್ತ ಪಕ್ಕದ ಭತ್ತದಷ್ಟೇ ಬಂದಿತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಾಲೆಯ ಕೊನೆಯವರಿಗೆ ಒಂದಿಷ್ಟು ನೀರು ಹೆಚ್ಚಿಗೆ ಸಿಕ್ಕಿತ್ತು. ಅಣ್ಣ ಮುಂದಿನ ಸಲ ಎಲ್ಲ ತಾಕಿಗೂ ಇದೇ ಮಾಡೋಣ ಎಂದ, ನನ್ನನ್ನು ಕೇಳದೆಯೇ.

ಕುಯ್ಲಿಗೆ ಮುಂಚೆ ಹಾಸನದ ತರಬೇತಿಯವರು ನೋಡಲು ಬಂದಿದ್ದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ನನ್ನನ್ನು ದಾಟಿಕೊಂಡು ಹೋಗಿ ನಂಜಮ್ಮನ ಸುತ್ತ ನಿಂತರು. ಎಲ್ಲ ಮುಗಿದು ಅವರ ಜೀಪು ಹೋದ ಮೇಲೆ ನಾನು ಕಾರಿನ ಬಾಗಿಲು ತೆಗೆಯುತ್ತಿದ್ದೆ. ನಂಜಮ್ಮ ಹತ್ತಿರ ಬಂದು, ಇನ್ನೂ ಬಿಸಿ ಆರದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಳು.

"ಗದ್ದೆ ಒಪ್ಪತ್ತು ಮಾಡ್ತು. ನಾವು ನೀರ್ ಬುಡ್ದೆ ಕೈ ಕಟ್ಕಂಡು ಕುಂತ್ವಿ. ನೀನೇನ್ ಬುಟ್ಟೆ ಮಾದೇವ?"

ಅದರಲ್ಲಿ ಕೊಂಕು ಇರಲಿಲ್ಲ. ಇಷ್ಟೆಲ್ಲ ತಿಳಿದವನು ಏನಾದರೂ ಬಿಟ್ಟೇ ಇರುತ್ತಾನೆ, ಅದೇನೆಂದು ತಿಳಿದುಕೊಳ್ಳುವ ಆಸೆ ಅಷ್ಟೇ. ನಾನು ಒಳಗೆಲ್ಲ ಹುಡುಕಿದೆ. ಶಾಲೆಗೆ ನಡೆದು ಹೋಗಬಹುದಾದಷ್ಟು ದೂರ, ಕಾರಿನಲ್ಲಿ ಹೋಗುತ್ತೇನೆ. ಬೇಸಗೆ ಬಂತೆಂದು ಮಲಗುವ ಕೋಣೆಗೆ ಏಸಿ ಹಾಕಿಸಿದ್ದೇನೆ. ಭೂಮಿಯ ಚಿಂತೆ ಹತ್ತಿದ ದಿನದಿಂದ ಈ ಗದ್ದೆಗೆ ಓಡಾಡಿ ಸುಟ್ಟ ಪೆಟ್ರೋಲನ್ನು ಹಿಂದೆಂದೂ ಸುಟ್ಟಿರಲಿಲ್ಲ. ಯೋಚಿಸಿ ಹೇಳುತ್ತೇನೆ ನಂಜಮ್ಮ ಎಂದೆ. ಹೇಳಪ್ಪ, ಮರೆಯಬೇಡ ಎಂದು ಅವಳು ಹೊರಟುಹೋದಳು.

ಮನೆಗೆ ಬಂದವನು ಕಾಫಿಯನ್ನೂ ಮುಟ್ಟದೆ ಹಜಾರದಲ್ಲಿ ಅತ್ತಿಂದಿತ್ತ ನಡೆದಾಡಿದೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ: ಕಾರು ಬಿಡುವುದು. ಬರುವ ಭಾನುವಾರ ಬಸ್ಸಿನಲ್ಲೇ ಹೋಗಿ, ನಂಜಮ್ಮನ ಎದುರು ನಿಂತು, ಕಾರು ಬಿಟ್ಟೆ ಎಂದು ಹೇಳುವುದು. ಗಿರಿಜೆ ಬಹಳ ಒಳ್ಳೆಯದು ಎಂದಳು. ಅರಕಲಗೂಡಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕಲ್ಲ, ಅದೊಂದೇ ನನಗೆ ಯೋಚನೆ. ಚೈತ್ರಾಳ ಮದುವೆ ಮುಗಿಯಿತು, ಮುಂದಿನ ನಾಟಿಯೂ ಆಯಿತು, ಅಣ್ಣನ ಗದ್ದೆಯೆಲ್ಲ ಎರಡನೆಯ ಒಪ್ಪತ್ತಿಗೆ ಕೂತಿದೆ. ಆ ಭಾನುವಾರ ಮಾತ್ರ ಇನ್ನೂ ಬಂದಿಲ್ಲ.