ಗೇರು ಮುಟ್ಟಭಾರದು

ಭಾವ ಬರೆದಿಟ್ಟು ಹೋದ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. 'ದಿನಾ ಬೆಳಿಗ್ಗೆ ಐದು ನಿಮಿಷ ಕಾರು ಚಾಲೂ ಮಾಡಿ ಬಿಡುವುದು. ಗೇರು ಮುಟ್ಟಭಾರದು.' ಪ್ರೂಫಣ್ಣ ಮೊದಲ ದಿನವೇ ಕೆಂಪು ಪೆನ್ನು ತೆಗೆದು 'ಭಾ' ಹೊಡೆದುಹಾಕಿ 'ಬಾ' ಮಾಡಿದ. ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ ಅದು, ಸುಮ್ಮನಿರುವುದಿಲ್ಲ. ಕಾಗುಣಿತ ತಿದ್ದುವ ಭರದಲ್ಲಿ ಅರ್ಥದ ಕಡೆ ಅವನ ಗಮನ ಅಷ್ಟಾಗಿ ಹೋಗಿರಲಿಲ್ಲ ಎಂಬುದು ಮೂರನೆಯ ದಿನ ಗೊತ್ತಾಯಿತು.

ಭಾವ ಎಂದರೆ ಹೆಂಡತಿಯ ಅಣ್ಣ. ಕೆಳಗಿನ ಮನೆಯಲ್ಲಿ ಅವನ ವಾಸ. ಮೇಲಿನ ಮನೆಯೂ ಅವನದೇ. ಅಲ್ಲಿ ಪ್ರೂಫಣ್ಣ ದಂಪತಿ ಒಂಬತ್ತು ವರ್ಷದಿಂದ ಇದ್ದಾರೆ. ಪರ ಊರಿಗೆ ಹೊರಡುವಾಗ ಭಾವ ಕಾರಿನ ಕೀ ಕೈಗಿಟ್ಟು, "ಮೇಲ್ಮನೆ ನಮಗೇ ಬೇಕಾಗಬಹುದು. ಶುಕ್ರವಾರ ಸಂಜೆ ಬಂದು ಹೇಳ್ತೀನಿ" ಎಂದು ಒಂದು ಮಾತು ಎಸೆದು ಹೋಗಿದ್ದ.

ಹೆಂಡತಿ ಅವತ್ತಿನಿಂದ ಒಂದೇ ಸಮನೆ ಹೇಳುತ್ತಿದ್ದಳು: "ಮೂರು ದಿನ ಆ ಕಾರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ. ಅಣ್ಣನ ಮನಸ್ಸು ಕರಗಿದ್ರೆ ಉಳ್ಕೋತೀವಿ. ಇಲ್ಲಾಂದ್ರೆ ಈ ವಯಸ್ಸಲ್ಲಿ ಪಾತ್ರೆ ಪಗಡ ಹೊತ್ಕೊಂಡು ಎಲ್ಲಿಗೆ ಹೋಗೋಣ?"

ಎರಡು ದಿನ ಎಲ್ಲವೂ ಸರಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ಪ್ರೂಫಣ್ಣನಿಗೆ ಅದೇನು ಕೇಡುಗಾಲ ಬಂತೋ! ಕಾರು ಆಟೋಮ್ಯಾಟಿಕ್ಕು. ಕ್ಲಚ್ಚೇ ಇಲ್ಲ. ಬ್ರೇಕು ಬಲವಾಗಿ ಒತ್ತಿಹಿಡಿದು, ಗೇರಿನ ಕಡ್ಡಿಯನ್ನು ನಿಲ್ಲಿಸುವ 'ಪಿ'ಯಿಂದ ಓಡಿಸುವ 'ಡಿ'ಗೆ ಎಳೆದರೆ ಏನಾದೀತು, ಕಾರು ನಿಂತಲ್ಲೇ ಇರುತ್ತದಲ್ಲ, ಸುಮ್ಮನೆ ಒಂದು ಸಲ ನೋಡೋಣ ಎಂದುಕೊಂಡು ಎಳೆದ.

ಕಾರು ಗಡಗಡ ನಡುಗಿತು. ಸ್ಟೀರಿಂಗು ನಡುಗಿತು, ಬಾಗಿಲು ನಡುಗಿತು, ಮೂಗಿನ ಮೇಲಿನ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಗಾಬರಿಯಿಂದ 'ಪಿ'ಗೆ ತಂದ, ನಿಂತಿತು. ಮತ್ತೆ 'ಡಿ', ಮತ್ತೆ ಚಳಿಜ್ವರ.

'ಕೆಡಿಸಿಬಿಟ್ಟೆ' ಎಂದುಕೊಂಡ ಪ್ರೂಫಣ್ಣ. ಕಾರಿನ ಜೊತೆ ಮನೆಯೂ ಹೋಯಿತು ಎಂದು ಅವನಿಗೆ ಆ ಕ್ಷಣವೇ ಖಾತ್ರಿಯಾಯಿತು.

"ಮಿಸ್ಸಿಂಗು!" ಎಂದಿತು ಒಂದು ದನಿ.

ಎದುರುಮನೆಯ ನಿವೃತ್ತ ಕಂಡಕ್ಟರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ಟು ಹರಿದವರು. ಬಸ್ಸು ಓಡಿಸಿದವರಲ್ಲ, ಆದರೆ ಓಡಿಸುವವನ ಬೆನ್ನು ನೋಡಿಯೇ ಎಲ್ಲ ಕಲಿತವರು.

"ಏನಂದ್ರಿ?"

"ಇಂಜಿನ್ನು ಮಿಸ್ಸಿಂಗ್ ಹೊಡೀತಿದೆ ಮಾರಾಯ್ರೇ. ನಾಲ್ಕು ಸಿಲಿಂಡರಲ್ಲಿ ಮೂರು ಕೆಲಸ ಮಾಡ್ತಿವೆ, ಒಂದು ಕೂತು ನೋಡ್ತಿದೆ. ಥೇಟ್ ನಮ್ಮ ಡಿಪೋ ಆಫೀಸು."

"ಖಂಡಿತ ಅಲ್ಲ" ಎಂದರು ಕಾಂಪೌಂಡಿನಾಚೆಯಿಂದ ಫಿಸಿಕ್ಸ್ ಮೇಡಂ. ಕಾಲೇಜಿಗೆ ಹೊರಟವರು ಚೀಲ ಗೋಡೆಯ ಮೇಲಿಟ್ಟರು. "ಡಿ ಹಾಕಿದಾಗ ಮಾತ್ರ ನಡುಗುತ್ತೆ ಅಂದ್ರೆ ಇಂಜಿನ್ ಕೂತಿರೋ ರಬ್ಬರ್ ಸವೆದಿದೆ. ಸರಳ ಕಂಪನ. ಒಂಬತ್ತನೇ ಕ್ಲಾಸಿನ ಪಾಠ."

"ಒಂಬತ್ತನೇ ಕ್ಲಾಸಲ್ಲಿ ಬಸ್ಸು ಕೆಟ್ಟಾಗ ತಳ್ಳಿದ್ದೀರಾ ಮೇಡಂ?"

"ನೀವು ತಳ್ಳಿದ್ದೀರಾ? ಪ್ಯಾಸೆಂಜರ್ ಕೈಲಿ ತಳ್ಳಿಸಿದ್ದೀರಿ."

ಇಬ್ಬರ ಮಾತಿನ ನಡುವೆ ಪ್ರೂಫಣ್ಣ ಟೆನಿಸ್ ನೋಡುವವನಂತೆ ಕತ್ತು ತಿರುಗಿಸುತ್ತ ನಿಂತಿದ್ದ. ಕಂಡಕ್ಟರು ಬಾನೆಟ್ಟು ಎತ್ತಿಸಿ, ಎಲ್ಲೋ ಗಾಳಿ ಸೋರುತ್ತಿದೆಯೆಂದು ಒಂದು ರಬ್ಬರ್ ಪೈಪು ಕಿತ್ತರು. ಇಂಜಿನ್ನು ಕೆಮ್ಮಿ ಸತ್ತಿತು. ಪೈಪು ವಾಪಸ್ಸು ಹಾಕಿ ಚಾಲೂ ಮಾಡಿದಾಗ ನಡುಕದ ಜೊತೆಗೆ ಸಣ್ಣದೊಂದು ಶಿಳ್ಳೆಯೂ ಸೇರಿಕೊಂಡಿತು. ಮೇಡಂಗೆ ತಕ್ಷಣ ಕಾಲೇಜಿನ ನೆನಪಾಯಿತು.

"ಚಿಂತೆ ಬೇಡ. ನನಗೆ ಗೊತ್ತಿರೋ ಮೆಕ್ಯಾನಿಕ್ ಇದ್ದಾನೆ, ಎರಡೇ ಕಿಲೋಮೀಟರ್" ಎಂದು ಕಂಡಕ್ಟರು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಮುಟ್ಟಬಾರದ ಗೇರು ಹೇಗೂ ಮುಟ್ಟಿಯಾಗಿತ್ತು. ಪ್ರೂಫಣ್ಣ ಅಚ್ಚುಕೂಟಕ್ಕೆ ಫೋನು ಮಾಡಿ, ಮೈ ಸರಿಯಿಲ್ಲ ಎಂದು ರಜೆ ಕೇಳಿದ. ಸುಳ್ಳೇನೂ ಅಲ್ಲ.

ಮೇಲಿನ ಬಾಲ್ಕನಿಯಿಂದ ಹೆಂಡತಿ ಕೂಗಿದಳು: "ಏನ್ರೀ ಆಯ್ತು?"

"ಕಾರು ಮಿಸ್ಸಿಂಗು ತಾಯಿ!" ಎಂದು ಕಂಡಕ್ಟರು ಶಿಳ್ಳೆಯ ಸದ್ದನ್ನೂ ಮೀರಿ ಕೂಗಿ, ಬಾಗಿಲಿಗೆ ಎರಡು ಸಲ ಬಡಿದು, "ರೈಟ್, ರೈಟ್!" ಎಂದರು.

ಎರಡು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಚ್ಚುಕೂಟದ ಹಳೇ ವ್ಯಾನು ಓಡಿಸಿ ಅಭ್ಯಾಸವಿದ್ದ ಪ್ರೂಫಣ್ಣನ ಎಡಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಕ್ಲಚ್ಚು ಹುಡುಕಿ ಬ್ರೇಕನ್ನು ಮೆಟ್ಟುತ್ತಿತ್ತು. ಕಂಡಕ್ಟರ ಹಣೆ ಎರಡು ಸಲ ಗಾಜಿಗೆ ಬಡಿಯಿತು. ಪ್ರತಿ ಸಿಗ್ನಲ್ಲಿನಲ್ಲೂ ನಿಂತು ನಡುಗುವ ಕಾರನ್ನು ಅಕ್ಕಪಕ್ಕದವರು ಬಗ್ಗಿ ನೋಡುತ್ತಿದ್ದರು. ಪ್ರೂಫಣ್ಣನಿಗೆ ಭೂಮಿ ಬಾಯ್ಬಿಡಬಾರದೇ ಅನಿಸುತ್ತಿತ್ತು.

ಮೆಕ್ಯಾನಿಕ್ಕು ಮಿತಭಾಷಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡ. ಕಂಡಕ್ಟರು ಏನೋ ಹೇಳಹೊರಟರೆ ಕೈಯೆತ್ತಿ ಸುಮ್ಮನಿರಿಸಿದ. ಪೈಪನ್ನು ಬಿಗಿಯಾಗಿ ಕೂರಿಸಿದ, ಶಿಳ್ಳೆ ನಿಂತಿತು. ಗಾಳಿ ಒಳಹೋಗುವ ಬಾಯಿ ಬಿಚ್ಚಿ ಬಟ್ಟೆಯಿಂದ ಒರೆಸಿದ, ಬಟ್ಟೆ ಕಪ್ಪಾಯಿತು. ಇನ್ನೊಂದು ಬಟ್ಟೆ, ಅದೂ ಕಪ್ಪು. ಒಂದು ಪ್ಲಗ್ಗು ಬದಲಾಯಿಸಿದ. ಮಧ್ಯಾಹ್ನ ಮೂರಾಗಿತ್ತು. ಪ್ರೂಫಣ್ಣ ಬೆಳಿಗ್ಗೆಯಿಂದ ನೀರು ಕೂಡ ಕುಡಿದಿರಲಿಲ್ಲ.

"ಡಿ ಹಾಕಿ ಸಾರ್."

ಹಾಕಿದ. ಮೆಕ್ಯಾನಿಕ್ಕು ಬಾನೆಟ್ಟಿನ ಮೇಲೆ ತುಂಬಿದ ಟೀ ಲೋಟ ಇಟ್ಟ. ಟೀ ಅಲುಗಲಿಲ್ಲ. ಇಂಜಿನ್ನು ಓಡುತ್ತಿದೆಯೋ ಇಲ್ಲವೋ ಎಂದೇ ತಿಳಿಯದಷ್ಟು ಮೌನ. ಪ್ರೂಫಣ್ಣನ ಕಣ್ಣಲ್ಲಿ ನೀರು ಬಂತು. ಭಾವ ಬರುವಷ್ಟರಲ್ಲಿ ಕಾರು ತನ್ನ ಜಾಗದಲ್ಲಿ ನಿಂತಿರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮನೆ ಉಳಿಯಿತು ಎಂದುಕೊಂಡ.

ಮನೆಗೆ ಇನ್ನೊಂದೇ ತಿರುವು ಇರುವಾಗ ಪೊಲೀಸ್ ಜೀಪು ಅಡ್ಡ ಬಂತು.

"ಇಳೀರಿ. ಈ ಕಾರು ಬೆಳಿಗ್ಗೆಯಿಂದ ಮಿಸ್ಸಿಂಗು."

"ಹೌದು ಸಾರ್!" ಎಂದರು ಕಂಡಕ್ಟರು ಹೆಮ್ಮೆಯಿಂದ. "ಬೆಳಿಗ್ಗೆಯಿಂದ ಮಿಸ್ಸಿಂಗೇ. ಮೊದಲು ಕಂಡುಹಿಡಿದವನು ನಾನು. ನಾವಿಬ್ಬರೇ ಸೇರಿ ತಗೊಂಡು ಹೋಗಿದ್ದು."

ಇಬ್ಬರನ್ನೂ ಠಾಣೆಗೆ ಕರೆದೊಯ್ದರು.

ಆದದ್ದಿಷ್ಟು. ಹತ್ತು ಗಂಟೆಗೆ ಭಾವ ರೈಲಿನಿಂದ ಫೋನು ಮಾಡಿದ್ದಾನೆ. ಅಣ್ಣನಿಗೆ ಸುಳ್ಳು ಹೇಳಲಾರದ ಹೆಂಡತಿ, ಕೇಳಿಸಿಕೊಂಡದ್ದನ್ನು ಹಾಗೇ ಒಪ್ಪಿಸಿದ್ದಾಳೆ: "ಕಾರು ಮಿಸ್ಸಿಂಗಂತೆ ಅಣ್ಣ." ಅಷ್ಟರಲ್ಲಿ ಲೈನು ಕಟ್ಟಾಗಿದೆ. ಭಾವ ಕೂತಲ್ಲಿಂದಲೇ ಮೊಬೈಲಿನಲ್ಲಿ ಕಳವಿನ ದೂರು ಬರೆದು ಕಳಿಸಿದ್ದಾನೆ.

ಆರು ಗಂಟೆಗೆ ಭಾವ ಸೂಟ್‌ಕೇಸಿನ ಸಮೇತ ಠಾಣೆಗೇ ಬಂದ. ಪ್ರೂಫಣ್ಣ ಕೈಮುಗಿದು ಎಲ್ಲವನ್ನೂ ಹೇಳಿದ. ಗೇರು ಮುಟ್ಟಿದ್ದನ್ನೂ ಮುಚ್ಚಿಡಲಿಲ್ಲ. ಅಚ್ಚರಿಯೆಂದರೆ ಭಾವ ಕೂಗಾಡಲಿಲ್ಲ.

"ಅಯ್ಯೋ, ನಡುಕ ನೀವು ತಂದದ್ದಲ್ಲ ಕಣ್ರೀ. ಎರಡು ವರ್ಷದಿಂದ ಅದು ಹಾಗೇ" ಎಂದ.

ಎರಡು ವರ್ಷ! ಪ್ರೂಫಣ್ಣ ಬೆಂಚಿನ ಮೇಲೆ ಕುಸಿದು ಕೂತ. ಅಳುವುದೋ ನಗುವುದೋ ತಿಳಿಯಲಿಲ್ಲ.

"ಒಂದು ನಿಮಿಷ" ಎಂದರು ಇನ್ಸ್‌ಪೆಕ್ಟರು, ಕಾಗದ ನೋಡುತ್ತ. "ದೂರಿನಲ್ಲಿ ಗುರುತು ಅಂತ ನೀವೇ ಬರೆದಿದ್ದೀರಿ. 'ನಿಂತಾಗ ಇಡೀ ಕಾರು ನಡುಗುತ್ತದೆ.' ನಾನೇ ಕೂತು ನೋಡಿದೆ. ಇದು ನಡುಗ್ತಿಲ್ಲ."

"ನಂಬರ್ ಪ್ಲೇಟ್ ನಂದೇ ಅಲ್ವಾ ಸಾರ್?"

"ನಂಬರ್ ಪ್ಲೇಟ್ ಯಾವ ಕಳ್ಳ ಬೇಕಾದ್ರೂ ಬದಲಾಯಿಸ್ತಾನೆ. ನಡುಕ ಬದಲಾಯಿಸೋಕಾಗಲ್ಲ. ಗುರುತು ಹೊಂದಿದ್ರೆ ಈಗಲೇ ಬಿಡ್ತೀನಿ. ಇಲ್ಲ ಅಂದ್ರೆ ತನಿಖೆ ಮುಗಿಯೋವರೆಗೂ ಅಲ್ಲಿರುತ್ತೆ."

ಅವರು ತೋರಿಸಿದ ಕಡೆ ಭಾವ ನೋಡಿದ. ಠಾಣೆಯ ಹಿತ್ತಲಲ್ಲಿ ಸಾಲಾಗಿ ನಿಂತ ಕಾರುಗಳ ಕಿಟಕಿಯಿಂದ ಬಳ್ಳಿ ಹೊರಬಂದು ಹೂ ಬಿಟ್ಟಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಏನಾದ್ರೂ ಮಾಡ್ರೀ" ಎಂದು ಪ್ರೂಫಣ್ಣನ ತೋಳು ಹಿಡಿದ. "ಹೇಗಾದ್ರೂ ನಡುಗಿಸಿ."

ಮೆಕ್ಯಾನಿಕ್ಕಿಗೆ ಫೋನು ಹೋಯಿತು. "ನಾನು ಕಲಿತಿರೋದು ರಿಪೇರಿ ಸಾರ್. ಕೆಡಿಸೋಕೆ ಬೇರೆಯವರನ್ನ ನೋಡಿ" ಎಂದು ಇಟ್ಟುಬಿಟ್ಟ. ಕಂಡಕ್ಟರು ಅಂಗಿಯ ತೋಳು ಮಡಿಸಿಕೊಂಡು ಮುಂದೆ ಬಂದರು. ಇನ್ಸ್‌ಪೆಕ್ಟರು, "ನೀವು ಸಾಕ್ಷಿ, ಆ ಕಡೆ ನಿಲ್ಲಿ" ಎಂದರು. ಕೊನೆಗೆ ಪ್ರೂಫಣ್ಣನೇ ಬಾನೆಟ್ಟು ಎತ್ತಿದ. ಬದುಕೆಲ್ಲ ಬೇರೆಯವರ ತಪ್ಪು ತೆಗೆದವನು, ಬೇಕೆಂದೇ ಒಂದು ತಪ್ಪು ಮಾಡಲು ದೇವರನ್ನು ನೆನೆದು, ಪ್ಲಗ್ಗಿಗೆ ಹೋಗುವ ಒಂದು ವೈರನ್ನು ಹಿಡಿದು ಎಳೆದ. ವೈರಿನ ಕೊಕ್ಕೆ ಚಟ್ ಎಂದು ಮುರಿದು ಕೈಗೆ ಬಂತು.

ಕಾರು ಹಿಂದೆಂದೂ ನಡುಗದಷ್ಟು ನಡುಗಿತು. "ಹಾಂ, ಇದೇ ನಿಮ್ಮ ಕಾರು" ಎಂದು ಇನ್ಸ್‌ಪೆಕ್ಟರು ಸೀಲು ಒತ್ತಿದರು.

ಮುರಿದ ಕೊಕ್ಕೆ ಮತ್ತೆ ಕೂರಲಿಲ್ಲ. ಈಗ ಕಾರು 'ಡಿ'ಯಲ್ಲಿ ನಡುಗಿತು, 'ಪಿ'ಯಲ್ಲೂ ನಡುಗಿತು, ಓಡುವಾಗಲೂ ನಡುಗಿತು. ಗೇಟಿನ ಮುಂದೆ ಭಾವ ಇಂಜಿನ್ನು ಆರಿಸಿದ. ಬಾಲ್ಕನಿಯಲ್ಲಿ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಮೇಲ್ಮನೆ ವಿಷಯ ರೈಲಲ್ಲೇ ತೀರ್ಮಾನ ಮಾಡಿದ್ದೆ" ಎಂದ ಭಾವ. "ನೀವೇ ಇರಿ ಅಂತ ಹೇಳೋಣ ಅಂತಿದ್ದೆ."

ಪ್ರೂಫಣ್ಣನಿಗೆ ಜೀವ ಬಂದಂತಾಯಿತು.

"ಆದ್ರೆ ನೀವು ನನ್ನ ಕಣ್ಣೆದುರಿಗೇ ನನ್ನ ಕಾರು ಕೆಡಿಸಿದ್ರಿ."

"ಭಾವಾ, ನೀವೇ ಹೇಳಿದ್ರಲ್ಲ!"

"ಹೇಳ್ದೆ. ಅಷ್ಟು ಸಲೀಸಾಗಿ ಕೆಡಿಸಿಬಿಡ್ತೀರಿ ಅಂತ ಅಂದ್ಕೊಂಡಿರಲಿಲ್ಲ" ಎಂದು ಭಾವ ಬಾಗಿಲು ತೆಗೆದು ಇಳಿದ. "ಅಂಥವರನ್ನ ಇನ್ನು ತಲೆ ಮೇಲೆ ಹೇಗ್ರೀ ಕೂರಿಸ್ಕೊಳ್ಳಲಿ?"