ಲಟ್ ಹಚ್ಚಿದೆ, ತಕರಾರು ಬಂತು

ಫೋಟೋ ಸ್ಟುಡಿಯೋದಲ್ಲಿ ಅಂಜುಬುರುಕರು ಕೆಲಸಕ್ಕೆ ಇರಬಾರದು. ನಾನಿದ್ದೇನೆ. ಹಾಗಾಗಿ ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವಂಥ ಫಜೀತಿ ನನಗೆ ತಿಂಗಳಿಗೊಮ್ಮೆ ಆಗುತ್ತಲೇ ಇರುತ್ತದೆ. ದಿನಾ ಹಾವೇರಿಯಿಂದ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಬಂದು, ಕಂಪ್ಯೂಟರ್ ಮುಂದೆ ಕೂತು, ಕಂಡವರ ಮದುವೆಯ ಆಲ್ಬಂ ಮಾಡುವುದು ನನ್ನ ಕೆಲಸ. ಗಿರಾಕಿ ಆಲ್ಬಮ್ಮಿನ ಒಂದೇ ಪುಟವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರೂ ಸಾಕು, ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋಗಿಬಿಡುತ್ತೇನೆ.

ಪೆನ್‌ಡ್ರೈವ್ ಬಂತು

ನಮ್ಮ ಜೊತೆ ಮದುವೆಗಳಿಗೆ ಬರುವ ವಿಡಿಯೋದವನು ಒಂದು ದಿನ ಪೆನ್‌ಡ್ರೈವ್ ಹಿಡಿದುಕೊಂಡು ಬಂದ.

"ನನ್ನ ವಿಡಿಯೋ ನೋಡ್ರಿ, ಸಿನಿಮಾ ಇದ್ದಂಗ ಐತಿ. ನಿಮ್ಮ ಫೋಟೋ ನೋಡ್ರಿ, ಸಾಲಿ ಗ್ರೂಪ್ ಫೋಟೋ ಇದ್ದಂಗ ಅದಾವು. ಇದರಾಗ ಲಟ್ ಅದಾವು, ಹಚ್ಚರಿ" ಅಂದ.

ಲಟ್ ಅಂದರೆ ಬಣ್ಣದ ಒಂದು ಪಟ್ಟಿ. ಈ ಬಣ್ಣ ಬಂದರೆ ಆ ಬಣ್ಣ ಮಾಡು ಎಂದು ಕಂಪ್ಯೂಟರಿಗೆ ಹೇಳುವ ಕಡತ. ಅವನ ವಿಡಿಯೋ ಕ್ಯಾಮೆರಾ ಮೊದಲು ತೆಗೆಯುವುದೇ ಬೂದಿ ಬಳಿದಂಥ ಪೇಲವ ಚಿತ್ರವನ್ನು. ಅದಕ್ಕೆ ಲಟ್ ಬೇಕು. ನಮ್ಮ ಫೋಟೋಗಳಲ್ಲಿ ಬಣ್ಣ ಮೊದಲೇ ತುಂಬಿರುತ್ತದೆ. ಅವುಗಳಿಗೂ ಹಚ್ಚುವುದೆಂದರೆ ಉಪ್ಪು ಹಾಕಿದ ಸಾರಿಗೆ ಮತ್ತೊಂದು ಹಿಡಿ ಉಪ್ಪು ಹಾಕಿದಂತೆ. ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ನಮ್ಮ ಮಾಲಕರು ಪೆನ್‌ಡ್ರೈವನ್ನು ನನ್ನ ಕೈಗಿಟ್ಟು, "ಹಚ್ಚು. ಆದ್ರ ಒಂದು ಮಾತು. ಮೂರು ತಕರಾರು ಬಂದ್ವು ಅಂದ್ರ ನೀ ಮನಿಗೆ" ಅಂದರು. ಅವರು ಆಡಿದ ಮಾತು ತಪ್ಪುವವರಲ್ಲ. ನನಗೆ ನಲವತ್ತು ದಾಟಿದೆ, ಮನೆಯಲ್ಲಿ ಓದುವ ಹೆಣ್ಣುಮಕ್ಕಳು ಇಬ್ಬರು. ಈ ವಯಸ್ಸಿನಲ್ಲಿ ಬೇರೆ ಸ್ಟುಡಿಯೋದವರು ನನ್ನನ್ನು ಕರೆದು ಕೂರಿಸುತ್ತಾರೆಯೇ?

ಮೆಣಸಿನಕಾಯಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರು ಮಾಲಿನ ಫೋಟೋ ತೆಗೆಸಿ, ದೂರದ ಖರೀದಿದಾರರಿಗೆ ಫೋನಿನಲ್ಲಿ ಕಳಿಸುತ್ತಿದ್ದರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಅದರ ಮರ್ಯಾದೆಯೆಲ್ಲ ಬಣ್ಣದಲ್ಲಿ. ನಾನು ಆ ಫೋಟೋಗಳಿಗೂ ಲಟ್ ಹಚ್ಚಿದೆ. ಕಾಯಿಯ ಕೆಂಪು ಕಿತ್ತಳೆಗೆ ತಿರುಗಿ, ಬೆಳಗಿನ ಬಿಸಿಲಿನ ಹಾಗೆ ಚೆಂದವೇ ಕಂಡಿತು. ಖರೀದಿದಾರ ಮಾತ್ರ "ಬಣ್ಣ ಮಾಸಿದೆ, ಇದು ಹೋದ ವರ್ಷದ ಮಾಲು" ಎಂದು ವಾಪಸು ಫೋನ್ ಮಾಡಿದನಂತೆ.

ಮರುದಿನ ವ್ಯಾಪಾರಸ್ಥರು ಬಂದವರೇ ಒಂದು ಚೀಲ ಕಾಯಿಯನ್ನು ನನ್ನ ಟೇಬಲ್ ಮೇಲೆ ಸುರುವಿದರು.

"ಇದು ಯಾವ ಬಣ್ಣರಿ?"

"ಕೆಂಪು ರೀ."

"ನೀವು ಮಾಡಿದ್ದು?"

"ಅದೂ ಕೆಂಪಿನ ಸಮೀಪಾನ ಐತ್ರಿ" ಅಂದೆ.

ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಘಾಟು ಎದ್ದಿತು. ವ್ಯಾಪಾರಸ್ಥರು ಸೀನಿದರು, ಮಾಲಕರು ಸೀನಿದರು, ನಾನು ಸೀನುವುದಕ್ಕೂ ಅಂಜಿ ಮೂಗು ಹಿಡಿದುಕೊಂಡೆ. ಅದೇ ಹೊತ್ತಿಗೆ, ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ತಾಯಿಯ ಜೊತೆ ಫೋಟೋ ತೆಗೆಸಲು ಒಳಗೆ ಬಂದಳು. ಎರಡೇ ನಿಮಿಷಕ್ಕೆ ಅವಳ ಕಣ್ಣಲ್ಲಿ ಧಾರಾಕಾರ ನೀರು. ಮಾಲಕರು ಗಾಬರಿಯಾಗಿ ಕಿಟಕಿ ತೆಗೆಯಲು ಹೋದರೆ, ತಾಯಿ ಅವರ ಕೈ ಹಿಡಿದು ನಿಲ್ಲಿಸಿದಳು.

"ತಡೀರಿ, ಲಗೂ ಒಂದು ಫೋಟೋ ಹೊಡೀರಿ. ಗಂಡನ ಮನಿಗೆ ಕಳಿಸೋ ದಿನ ಈಕಿ ಅಳ್ತಾಳಂತ ನನಗ ನಂಬಿಕಿ ಇಲ್ಲ!"

ಫೋಟೋ ಹೊಡೆದು ಬಂದ ಮಾಲಕರು ಕಣ್ಣು ಒರೆಸಿಕೊಳ್ಳುತ್ತಲೇ ನನ್ನ ಕಡೆ ಒಂದು ಬೆರಳು ಎತ್ತಿ ತೋರಿಸಿದರು: ತಕರಾರು ಒಂದು.

ಕಾಮಣಿ

ಆಮೇಲೆ ನಾನು ಲಟ್ ತೆಗೆದುಹಾಕಿದೆ ಅಂದುಕೊಂಡಿದ್ದೆ. ಪಾಸ್‌ಪೋರ್ಟ್ ಸೈಜಿನ ಫೋಟೋ ಜೋಡಿಸುವ ಫೈಲಿನಲ್ಲಿ ಅದು ಹಾಗೇ ಕೂತಿತ್ತು.

ಗುತ್ತಲದ ಕಡೆಯ ರೈತರೊಬ್ಬರು ಬ್ಯಾಂಕಿಗೆ ಕೊಡಲು ಎಂಟು ಫೋಟೋ ತೆಗೆಸಿಕೊಂಡು ಹೋದರು. ಹದಿನೈದು ದಿನ ಬಿಟ್ಟು ಮತ್ತೆ ಬಂದಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಸೊರಗಿದ್ದರು.

"ಇನ್ನೊಂದು ಫೋಟೋ ತಗೀರಿ. ಕಾಮಣಿ ಹೋಗೈತೋ ಇಲ್ಲೋ ನೋಡಬೇಕು" ಅಂದರು. ಕಾಮಣಿ ಅಂದರೆ ನಮ್ಮ ಕಡೆ ಕಾಮಾಲೆ.

"ಯಾರಿಗೆ ರೀ ಕಾಮಣಿ?"

"ನನಗರಿ. ನಿಮ್ಮ ಫೋಟೋದಾಗ ಮಾರಿ ಹಳದಿ ಬಂದಿತ್ತಲ್ಲ! ನಮ್ಮಾಕಿ ನೋಡಿದ್ದ ತಡ, ಬೇರು ಅರದು ಕುಡಿಸಿದಳು. ಹನ್ನೊಂದು ದಿನ ಉಪ್ಪಿಲ್ಲ, ಎಣ್ಣಿಲ್ಲ, ಬರೇ ಗಂಜಿ."

ನಿಜ ಹೇಳಿದರೆ ಎರಡನೇ ತಕರಾರು, ಹೇಳದಿದ್ದರೆ ಪಾಪ. ನಾನು ಪಾಪವನ್ನೇ ಆರಿಸಿಕೊಂಡೆ. ಲಟ್ ತೆಗೆದು ಫೋಟೋ ಮಾಡಿಕೊಟ್ಟೆ. ಅವರು ತಮ್ಮ ಕಂದು ಮುಖ ನೋಡಿಕೊಂಡು, "ಔಷಧ ಅಂದ್ರ ಇದು ನೋಡ್ರಿ!" ಎಂದು ಕೈಮುಗಿದು ಹೋದರು. ಎಷ್ಟು ನಾಚಿಕೆಯಾಯಿತೆಂದರೆ, ಅವತ್ತು ಡಬ್ಬಿಯಲ್ಲಿದ್ದ ಉಪ್ಪಿನಕಾಯಿಯನ್ನು ಮುಟ್ಟದೆ ಹಾಗೇ ಮನೆಗೆ ವಾಪಸು ಒಯ್ದೆ.

ಮುಂದಿನ ವಾರ ಅದೇ ಊರಿನ ಮೂವರು ಬಂದು, ಬಾಗಿಲಲ್ಲೇ ನಿಂತು ಮಾಲಕರನ್ನು ಕೇಳಿದರು: "ಕಾಮಣಿ ನೋಡೋ ಫೋಟೋ ತಗ್ಯೋದು ಇಲ್ಲೇನ್ರಿ?"

ಮಾಲಕರು ನನ್ನಿಂದ ಎಲ್ಲ ಬಾಯಿ ಬಿಡಿಸಿದರು. ಆ ಮೂವರನ್ನು ಡಾಕ್ಟರ ಹತ್ತಿರ ಕಳಿಸಿದರು. ಆಮೇಲೆ ಎರಡು ಬೆರಳು.

ಆಹೇರಿ ಸೀರೆ

ಇನ್ನು ಉಳಿದದ್ದು ಒಂದೇ. ಕದರಮಂಡಲಗಿ ಕಡೆಯ ಮನೆತನದ ಮದುವೆಯ ಆಲ್ಬಂ ನನ್ನ ಕೈಗೆ ಬಂತು. ಲಟ್ಟೇ ಬೇಡವೆಂದುಕೊಂಡರೆ, ವಿಡಿಯೋಗೂ ಫೋಟೋಗೂ ಬಣ್ಣ ಹೊಂದಬೇಕೆಂದು ಗಿರಾಕಿಗಳೇ ಹೇಳಿಹೋಗಿದ್ದರು. ಅದರ ಜೋರನ್ನು ಕಾಲುಭಾಗಕ್ಕೆ ಇಳಿಸಿ ಹಚ್ಚಿದೆ. ಪ್ರತಿ ಪುಟದಲ್ಲೂ ಮದುಮಗಳ ಕುಂಕುಮ ಕೆಂಪಗಿದೆಯೇ, ಅರಿಷಿಣ ಹಳದಿ ಇದೆಯೇ, ಬಳೆ ಹಸಿರಿದೆಯೇ ಎಂದು ಬೆರಳಿಟ್ಟು ನೋಡಿದೆ. ಎಲ್ಲ ಸರಿಯಿತ್ತು. ಮದುಮಗಳ ಅಜ್ಜಿಗೆ ಬೀಗರು ಆಹೇರಿ, ಅಂದರೆ ಮದುವೆಯ ಉಡುಗೊರೆ, ಎಂದು ಕೊಟ್ಟ ಸೀರೆಯನ್ನೂ ನೋಡಬೇಕೆಂದು ನನಗೆ ಯಾರು ಹೇಳಬೇಕಿತ್ತು?

ತಿಂಗಳಾದ ಮೇಲೆ ಆ ಅಜ್ಜಿಯೇ ಆಲ್ಬಮ್ಮನ್ನು ಟವೆಲಿನಲ್ಲಿ ಸುತ್ತಿಕೊಂಡು, ಕಂಕುಳಲ್ಲಿ ಒಂದು ಚೀಲ ಅವುಚಿಕೊಂಡು ಬಂದರು.

"ಇದನ್ನ ಮಾಡಿದವರು ಯಾರು?"

ಮಾಲಕರು ತಡಮಾಡದೆ ನನ್ನನ್ನು ತೋರಿಸಿದರು. ನಾನು ನೀರು ಕುಡಿಯಲು ಏಳುವಷ್ಟರಲ್ಲಿ ಅಜ್ಜಿ ದಾರಿಗೆ ಅಡ್ಡ ನಿಂತರು.

"ಕೇಳು ತಮ್ಮಾ. ಆಹೇರಿಗೆ ನವಿಲುಗರಿ ಬಣ್ಣದ ಸೀರಿ ತರ್ರಿ ಅಂತ ಬೀಗರಿಗೆ ಮೂರು ಸಲ ಹೇಳಿ ಕಳಿಸಿದ್ದೆ. ನೀಲಿ ತಂದರು. ಮಂಟಪದಾಗ ಎಲ್ಲಾರ ಮುಂದ ಜಗಳ ತಗದೆ. ಕಡೀಕ ಮೊಮ್ಮಗಳ ಮಾರಿ ನೋಡಿ ಉಟ್ಟೆ. ಈಗ ಬೀಗರು ನಿನ್ನ ಆಲ್ಬಂ ತೋರಿಸಿ, ನವಿಲುಗರಿನ ಕೊಟ್ಟೇವಿ, ಮುದುಕಿಗೆ ಕಣ್ಣ ಹೋಗ್ಯಾವು ಅನ್ನಾಕತ್ತಾರ. ನನ್ನ ಮಗಾನೂ ಅದನ್ನ ನಂಬಿ ನನ್ನನ್ನ ಕಣ್ಣಿನ ದವಾಖಾನಿಗೆ ಕರಕೊಂಡು ಹೋಗಿದ್ದ!"

ಚೀಲದಿಂದ ಸೀರೆ ತೆಗೆದು ಆಲ್ಬಮ್ಮಿನ ಪಕ್ಕದಲ್ಲಿ ಹರವಿದರು. ಸೀರೆ ಅಪ್ಪಟ ನೀಲಿ. ಆಲ್ಬಮ್ಮಿನಲ್ಲಿ ಅಜ್ಜಿ ಹಸಿರು ಬೆರೆತ ನವಿಲುಗರಿ ಬಣ್ಣದಲ್ಲಿ ಮಿಂಚುತ್ತಿದ್ದರು. ಕಾಲುಭಾಗದ ಲಟ್ಟೇ ಇಷ್ಟು ಮಾಡಿತ್ತು.

ಮಾಲಕರ ಕೈ ಮೇಲೇಳುವುದು ಕಂಡಿತು. ಹೆಂಡತಿಯ ಮುಖ, ಮಕ್ಕಳ ಮುಖ, ಹಾವೇರಿಯ ಬಸ್ಸು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಅಂಜಿಕೆ ಮಿತಿ ಮೀರಿದಾಗ ಮನುಷ್ಯ ನಿಜ ಹೇಳುತ್ತಾನೆ. ನಾನೂ ಹೇಳಿದೆ.

"ತಪ್ಪು ನಂದ ಅಜ್ಜೀ. ನಿಮ್ಮ ಕಣ್ಣು ಬರೋಬ್ಬರಿ ಅದಾವು. ಬಣ್ಣ ಚಲೋ ಕಾಣಲಿ ಅಂತ ನಾನ ಫೋಟೋಕ್ಕ ಲಟ್ ಅಂತ ಒಂದು ಹಚ್ಚಿದ್ದೆ. ಇವತ್ತ ತಗದು, ಸೀರಿ ನೀಲಿ ಮಾಡಿ ಕೊಡ್ತೇನಿ."

"ನೀಲಿ ಮಾಡಿಗೀಡೀಯಾ!" ಅಜ್ಜಿ ಆಲ್ಬಮ್ಮನ್ನು ಎದೆಗೆ ಅವುಚಿಕೊಂಡರು. "ನಾ ಕೇಳಿದ್ದ ಬಣ್ಣ ಇದ. ಫೋಟೋ ಸರಿ ಐತಿ. ತಪ್ಪಿರೋದು ಸೀರಿ."

ಮಾಲಕರ ಮೂರನೇ ಬೆರಳು ಅರ್ಧಕ್ಕೇ ನಿಂತಿತು. "ಹಂಗಾರ ನಿಮ್ಮದು ತಕರಾರು ಅಲ್ಲೇನ್ರಿ ಅಜ್ಜೀ?"

"ತಕರಾರೋ ಅಲ್ಲೋ, ಈ ತಮ್ಮನ ಕೈಯಾಗ ಐತಿ" ಎಂದ ಅಜ್ಜಿ, ಸೀರೆಯನ್ನು ಮಡಚಿ ನನ್ನ ತೊಡೆಯ ಮೇಲೆ ಇಟ್ಟರು. ಕುರ್ಚಿ ಎಳೆದುಕೊಂಡು, ನನ್ನ ಕಂಪ್ಯೂಟರಿಗೆ ಎದುರಾಗಿ ಆರಾಮಾಗಿ ಕೂತರು.

"ಫೋಟೋಕ್ಕ ಹಚ್ಚಿದಿಯಲ್ಲ, ಅದನ್ನ ಇದಕ್ಕೂ ಹಚ್ಚು. ನನ್ನ ಬಸ್ಸಿಗೆ ಇನ್ನೂ ಒಂದು ತಾಸೈತಿ."